ಕಣ್ಣು ತಿದ್ದಿದ ಯಂತ್ರಕ್ಕೆ ಬ್ರೆಡ್ ಬೇಯಿಸುವವನ ದೂರು

ಕುಮಾಸಿ ನಗರದ ಕಣ್ಣಿನ ಆಸ್ಪತ್ರೆಯೊಂದರ ಎರಡನೇ ಮಹಡಿಯ ತಂಪು ಕೋಣೆಯಲ್ಲಿ ಬಿಳಿ ಹೊದಿಕೆ ಹೊದ್ದು ವಿರಾಜಮಾನರಾಗಿರುವ ಲೇಸರ್ ಯಂತ್ರ ಮಹಾಶಯರ ಸನ್ನಿಧಿಗೆ, ಅಸಾಫೋ ಬಡಾವಣೆಯಲ್ಲಿ ಬ್ರೆಡ್ ಭಟ್ಟಿ ನಡೆಸುವ ಕ್ವಾಬೆನಾ ಬಾದು ಎಲ್ಲರೆದುರು ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ತಾವು ಕ್ಷೇಮವೇ? ತಮ್ಮ ಕೋಣೆಯ ಏಸಿ, ತಮ್ಮ ಪಾದದ ಬಳಿಯ ಬ್ಯಾಟರಿ, ತಮ್ಮ ಮೈ ಒರೆಸುವ ಮೆತ್ತನೆಯ ಬಟ್ಟೆ, ಎಲ್ಲರೂ ಸೌಖ್ಯವೇ? ಮನೆಮಂದಿಯ ಯೋಗಕ್ಷೇಮ ವಿಚಾರಿಸದೆ ನಮ್ಮಲ್ಲಿ ಬೆಂಕಿಕಡ್ಡಿಯನ್ನೂ ಕೇಳಿ ಪಡೆಯುವುದಿಲ್ಲ. ಹಾಗಿರುವಾಗ ದೂರನ್ನು ಒಮ್ಮೆಲೇ ಮುಂದಿಡುವುದು ಹೇಗೆ?

ತಮ್ಮ ಕೆಲಸದಲ್ಲಿ ನಾನು ಯಾವ ಕುಂದನ್ನೂ ಕಂಡಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ತಾವು ನನ್ನ ಎರಡೂ ಕಣ್ಣುಗಳನ್ನು ತಿದ್ದಿದ್ದೀರಿ, ಎದುರು ಬದಿಯ ಚರ್ಚಿನ ಗಡಿಯಾರದ ಮುಳ್ಳು ನಮ್ಮ ಭಟ್ಟಿಯ ಬಾಗಿಲಿನಿಂದಲೇ ಕಾಣುತ್ತದೆ, ಅದು ನಿಂತುಹೋಗಿರುವುದೂ ಕಾಣುತ್ತದೆ. ನನ್ನ ದೂರು ಇರುವುದೇ ಇಲ್ಲಿ.

ನಾನು ಶಾಲಾ ದಿನಗಳಿಂದಲೂ ದೂರದ್ದು ಕಾಣದವನು. ಕನ್ನಡಕವಿತ್ತು, ಆದರೆ ಭಟ್ಟಿಯ ಬಾಗಿಲು ತೆರೆದ ಕೂಡಲೇ ಗಾಜಿಗೆ ಹಬೆ ಕವಿದು, ಬೆವರಿಗೆ ಮೂಗಿನಿಂದ ಜಾರಿ, ಒಮ್ಮೆ ನಾದಿದ ಹಿಟ್ಟಿನೊಳಗೇ ಬಿದ್ದುಹೋದ ಮೇಲೆ, ಕೆಲಸದ ಹೊತ್ತಿನಲ್ಲಿ ಅದನ್ನು ಮೊಳೆಗೆ ತೂಗುಹಾಕುವುದು ರೂಢಿಯಾಯಿತು. ಆಗ ಬೀದಿಯ ಜನರೆಲ್ಲ ನನಗೆ ಇನ್ನೂ ಬೇಯದ ಬ್ರೆಡ್ಡಿನಂತೆ ಕಾಣುತ್ತಿದ್ದರು. ಇದರಿಂದ ಯಾರಿಗೂ ನಷ್ಟವಿರಲಿಲ್ಲ. ದುಫಿಯೆಯ ಮನೆಗೆ ಬಾಗಿಲು ತಟ್ಟಲು ಹೋಗುವವರೆಗೆ.

ದುಫಿಯೆ ಸಿಮೆಂಟ್ ಅಂಗಡಿ ನಡೆಸುವವಳು, ನಾನು ಮದುವೆಯಾಗಬೇಕೆಂದಿರುವವಳು. ನಮ್ಮ ಕಡೆಯ ಹಿರಿಯರು ಪದ್ಧತಿಯಂತೆ ಎರಡು ಬಾಟಲಿ ಶ್ನಾಪ್ಸ್ ಮದ್ಯ ಹಿಡಿದು ಹೆಣ್ಣು ಕೇಳಲು ಅವಳ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆರೆಯಿತು, ನೀರು ಕೊಟ್ಟರು, ಬಂದ ಕಾರಣ ಕೇಳಿದರು, ಆಮೇಲೆ ಎರಡೂ ಬಾಟಲಿಗಳನ್ನು ಬಿರಟೆ ತೆಗೆಯದೆ ವಾಪಸು ಕಳಿಸಿದರು. ನಮ್ಮಲ್ಲಿ ಅಪ್ಪ ಹೆಸರಿಡುತ್ತಾನೆ, ಹೆಣ್ಣು ಕೊಡುವ ಮಾತು ಸೋದರಮಾವನದು. ದುಫಿಯೆಯ ಸೋದರಮಾವ ಅಜೆಕುಮ್ ಅವರು ತುಂಬಿದ ಮನೆಯಲ್ಲಿ ನುಡಿದದ್ದನ್ನು ನಮ್ಮ ಭಟ್ಟಿಯಲ್ಲಿ ಹಿಟ್ಟು ನಾದುವ ಮಾನ್ಸಾ ಚಿಕ್ಕಮ್ಮ ಅಕ್ಷರ ಬಿಡದೆ ನನಗೆ ತಲುಪಿಸಿದಳು:

"ದಿನಾ ಬೆಳಿಗ್ಗೆ ಅವನ ಅಂಗಡಿ ಮುಂದೆ ಹಾದು ಹೋಗೋವಾಗ ನಾನೇ ಕೈ ಎತ್ತಿ ಮಾತಾಡಿಸ್ತೀನಿ. ಹಿರಿಯ ನಾನು, ಆದ್ರೂ ಮೊದಲು ನಾನೇ! ಆ ಮಹಾರಾಯ ತುಟಿ ಕೂಡ ಅಲ್ಲಾಡಿಸಲ್ಲ. ಬದುಕಿರೋ ಮಾವನ್ನೇ ಮಾತಾಡಿಸದೋನು ನಾಳೆ ನನ್ನ ಹೆಣ ನೋಡೋಕೆ ಬರ್ತಾನಾ?"

ಹಬ್ಬದೊಳಗೆ ನಡತೆ ತಿದ್ದಿಕೊಂಡರೆ ಇನ್ನೊಮ್ಮೆ ಬಾಗಿಲು ತಟ್ಟಬಹುದು, ಇಲ್ಲವಾದರೆ ಟೈರ್ ಅಂಗಡಿಯ ವರನೊಬ್ಬ ಕಾದಿದ್ದಾನೆ, ಅವನು ನಾಯಿಗಳನ್ನೂ ಮಾತಾಡಿಸುತ್ತಾನೆ ಎಂದು ತೀರ್ಪಾಯಿತು. ನಾನು ವಾದಿಸಲಿಲ್ಲ. ಭಟ್ಟಿಯಿಂದ ಆಚೆ ಬಂದಾಗ ಮುಂದೆ ಹೋದದ್ದು ಮಾವನೋ ಮೇಕೆಯೋ ಎಂದು ಪ್ರಮಾಣ ಮಾಡಿ ಹೇಳಲಾರದವನು ಏನೆಂದು ವಾದಿಸಬೇಕು? ಹೀಗೆ ನಾನು ತಮ್ಮ ಸನ್ನಿಧಿಗೆ ಬಂದೆ.

ಬರುವ ಮುನ್ನ ನನಗಿದ್ದ ಭಯಗಳನ್ನು ತಮ್ಮ ಪರವಾಗಿ ಡಾಕ್ಟರ್ ಅಪ್ರಾಕು ಅವರು ಒಂದೊಂದಾಗಿ ಆಲಿಸಿದ ತಾಳ್ಮೆಯನ್ನು ಇಲ್ಲಿ ನೆನೆಯಲೇಬೇಕು. ಎಚ್ಚರವಾಗಿರುವಾಗಲೇ ಮಾಡುತ್ತೀರಾ ಎಂದೆ; ಹೌದು, ಹನಿ ಹಾಕಿ ಮರಗಟ್ಟಿಸುತ್ತೇವೆ, ನೋವಿರುವುದಿಲ್ಲ, ಸ್ವಲ್ಪ ಒತ್ತಿದಂತಾಗುತ್ತದೆ ಎಂದರು. ರೆಪ್ಪೆ ಬಡಿದರೆ? ಬಡಿಯಲಾಗದಂತೆ ಹಿಡಿಕೆ ಹಾಕುತ್ತೇವೆ. ಕಣ್ಣು ಹೊರಳಿದರೆ? ಯಂತ್ರ ಕಣ್ಣಿನ ಹಿಂದೆಯೇ ಹೋಗುತ್ತದೆ, ಹೆಚ್ಚು ಹೊರಳಿದರೆ ತಾನೇ ನಿಲ್ಲುತ್ತದೆ. ಕುರುಡಾದರೆ? ಅಷ್ಟು ದೊಡ್ಡ ತೊಂದರೆ ತೀರಾ ಅಪರೂಪ, ಆದರೆ ಯಾವ ಆಪರೇಷನ್ನಿಗೂ ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ ಎಂದರು. ಈ ಪ್ರಾಮಾಣಿಕತೆಯಿಂದ ನನಗೆ ಎರಡು ರಾತ್ರಿಯ ನಿದ್ದೆ ಹೋಯಿತು. ಇನ್ನು ಮುಂದೆ ಕನ್ನಡಕವೇ ಬೇಡವೇ ಎಂದದ್ದಕ್ಕೆ, ನಲವತ್ತು ದಾಟಿದ ಮೇಲೆ ಓದಲು ಬೇಕಾಗಬಹುದು, ವಯಸ್ಸಿಗೆ ಲೇಸರ್ ಇಲ್ಲ ಎಂದರು. ಕೊನೆಗೆ, ನಮ್ಮೂರಿನವರಲ್ಲದೆ ಬೇರಾರೂ ಅಷ್ಟು ಕಳಕಳಿಯಿಂದ ಕೇಳಲಾರದ ಪ್ರಶ್ನೆಯನ್ನು ಕೇಳಿದೆ: ಒಂದು ಕಣ್ಣು ಮುಗಿದು ಇನ್ನೊಂದು ಅರ್ಧವಾದಾಗ ಕರೆಂಟ್ ಹೋದರೆ?

"ಹೋಗೇ ಹೋಗುತ್ತೆ ಬಿಡಿ," ಎಂದರು ಡಾಕ್ಟರು. "ಅದಕ್ಕೇ ಬ್ಯಾಟರಿ ಇಟ್ಟಿದೀವಿ. ನೀವು ಯಂತ್ರದೊಳಗಿನ ಹಸಿರು ದೀಪ ನೋಡ್ತಾ ಇರಿ ಸಾಕು, ಊರಿನ ದೀಪದ ಚಿಂತೆ ನನಗಿರ್ಲಿ."

ಮಾನ್ಸಾ ಚಿಕ್ಕಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಕಣ್ಣು ಸೀಯೋ ವಾಸನೆ ಬರುತ್ತಂತೆ ಕಣೋ. ಒಂದು ಬ್ರೆಡ್ ಸೀದರೆ ಊರೆಲ್ಲ ಬೈತಿಯಾ, ಕಣ್ಣು ಸೀದರೆ ಯಾರಿಗೆ ಬೈತಿಯಾ?" ಎಂದು ಹಿಟ್ಟು ಗುದ್ದುತ್ತಲೇ ಕೇಳಿದಳು.

ಮಾನ್ಯರೇ, ವಾಸನೆ ಬಂದದ್ದು ನಿಜ. ಕೂದಲು ಸುಟ್ಟಂಥ ಆ ವಾಸನೆಗೆ ನನ್ನ ಕೈ ಅಭ್ಯಾಸಬಲದಿಂದ ಭಟ್ಟಿಯ ಬಾಗಿಲನ್ನು ಹುಡುಕಿ ನರ್ಸಮ್ಮನ ಮೊಣಕೈಯನ್ನು ಹಿಡಿದುಕೊಂಡಿತು. ಅದೇ ಹೊತ್ತಿಗೆ ಕರೆಂಟೂ ಹೋಯಿತು. ಏಸಿ ಉಸಿರು ಬಿಟ್ಟಿತು, ಹೊರಗೆ ಸಾಲಿನಲ್ಲಿ ಕುಳಿತವರೆಲ್ಲ ಒಂದೇ ದನಿಯಲ್ಲಿ "ಹೋಯ್ತು!" ಎಂದರು, ನಾನೂ ನನ್ನ ಕಣ್ಣನ್ನೇ ಕುರಿತು ಹಾಗೆ ಅಂದುಕೊಂಡೆ. ತಾವೋ, ಏನೂ ಆಗದವರಂತೆ ಟಕಟಕನೆ ಕೆಲಸ ಮುಗಿಸಿ ಸುಮ್ಮನಾದಿರಿ. ಈ ಊರಿನಲ್ಲಿ ಕರೆಂಟ್ ಹೋದದ್ದನ್ನು ನೆಪವಾಗಿ ಬಳಸದ ಏಕೈಕ ನೌಕರರು ತಾವು. ತಮ್ಮನ್ನು ವಿದ್ಯುತ್ ಕಚೇರಿಯ ಮುಖ್ಯಸ್ಥರನ್ನಾಗಿ ನೇಮಿಸಬೇಕೆಂದು ನನ್ನ ನಮ್ರ ಸೂಚನೆ.

ಆಮೇಲಿನದ್ದು ಹೇಳಿದಂತೆಯೇ ನಡೆಯಿತು. ರಾತ್ರಿ ಬರುವ ಲಾರಿಗಳ ದೀಪದ ಸುತ್ತ ಪ್ರಭಾವಳಿ ಮೂಡಿ, ಟೊಮೆಟೊ ಹೊತ್ತ ಲಾರಿಗಳೂ ಸಂತರಂತೆ ಕಂಡವು. ಕಣ್ಣು ಒಣಗಿ ಉರಿಯುತ್ತಿತ್ತು, ಗಳಿಗೆಗೊಮ್ಮೆ ಹನಿ ಹಾಕಿಕೊಂಡಾಗ ಅದು ಕೆನ್ನೆಗಿಳಿಯುತ್ತಿತ್ತು, ಬೀದಿಯ ಹೆಂಗಸರು "ಪಾಪ, ಆ ಹುಡುಗಿಗೋಸ್ಕರ ಅಳ್ತಾನೆ" ಎಂದು ನನ್ನಲ್ಲಿ ಎರಡೆರಡು ಬ್ರೆಡ್ ಕೊಂಡರು. ಹಿಟ್ಟಿನ ಧೂಳೂ ಹೊಗೆಯೂ ತಾಗಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರಿಂದ ಭಟ್ಟಿಯನ್ನು ಚಿಕ್ಕಮ್ಮನಿಗೆ ಬಿಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೂಲೆಯಲ್ಲಿ ಕುಳಿತೆ. ಕಾಣುವವನಿಗೆ ಕ್ಷಮೆಯಿಲ್ಲ. ಅತ್ತೆಯಾಯಿತು, ಪಾದ್ರಿಯಾಯಿತು, ಇದ್ದಿಲು ಮಾರುವವಳಾಯಿತು, ಬೀದಿಯ ಆ ತುದಿಯಲ್ಲಿ ತಲೆ ಕಂಡ ಪ್ರತಿಯೊಬ್ಬರನ್ನೂ ಮಾತಾಡಿಸಿ, ಅವರ ಮನೆಯವರ ಕ್ಷೇಮ ಕೇಳಿ, ನನ್ನ ಮನೆಯವರದ್ದು ಹೇಳುವಷ್ಟರಲ್ಲಿ ಬೆಳಗು ಕಳೆದುಹೋಗುತ್ತಿತ್ತು. ಇಷ್ಟು ವರ್ಷ ನಾನು ಎಷ್ಟು ಸುಖಿಯಾಗಿದ್ದೆನೆಂದು ತಿಳಿಯಲು ತಮ್ಮ ಬೆಳಕೇ ಬೇಕಾಯಿತು.

ಆದರೂ ನಾನು ಕಾದಿದ್ದುದು ಒಬ್ಬರಿಗಾಗಿ. ಅವರು ಬಂದರು. ಬೀದಿಯ ತಿರುವಿನಲ್ಲಿ ಅಜೆಕುಮ್ ಮಾವನವರ ಬೋಳುತಲೆ, ಕೈಗೋಲು, ಹೆಗಲ ಮೇಲಿನ ಬಟ್ಟೆಯ ಅಂಚು, ಎಲ್ಲ ಕೆತ್ತಿದಂತೆ ಕಂಡವು. ನಾನು ಎದ್ದೆ, ಬಲಗೈ ಎತ್ತಿದೆ, ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ನಮ್ಮ ಬ್ರೆಡ್ ಮೇಜಿಗೆ ಹೊಂದಿಕೊಂಡ ಹೊಲಿಗೆ ಅಂಗಡಿಯ ಮುಂದೆ, ನೀಲಿ ನಿಲುವಂಗಿ ತೊಡಿಸಿ ನಿಲ್ಲಿಸಿದ ಆಳೆತ್ತರದ ಬೊಂಬೆಯೆದುರು ನಿಂತು, ಕೈ ಎತ್ತಿ, ಕೊರಳು ಬಾಗಿಸಿ ಹೇಳಿದರು:

"ಬೆಳಗಾಯ್ತೇನಪ್ಪಾ ಬಾದು? ಮನೇಲೆಲ್ಲ ಚೆನ್ನಾಗಿದಾರಾ?"

ಬೊಂಬೆ ಉತ್ತರಿಸಲಿಲ್ಲ. ಮಾವನವರು ಸಾಕಷ್ಟು ಹೊತ್ತು ಕಾದರು. "ನೋಡು, ಇವತ್ತೂ ಇಲ್ಲ. ಏನು ಕೊಬ್ಬಪ್ಪಾ ನಿಂದು!" ಎಂದು ಕೋಲು ಕುಟ್ಟಿ ಹೊರಟುಹೋದರು.

ಮಾನ್ಯರೇ, ಆ ಹೊತ್ತಿಗೆ ನಾನು ಎಂದಿನ ದಿನಗಳಲ್ಲಿ ಭಟ್ಟಿಯ ಹಿಂದಿರುತ್ತಿದ್ದೆ. ನಾನು ಅವರಿಗೆ ಉತ್ತರ ಕೊಡದೇ ಇದ್ದದ್ದು ಒಂದು ದಿನವೂ ಇಲ್ಲ. ಅವರು ನನ್ನನ್ನು ಕೇಳಿದ್ದೇ ಇಲ್ಲ. ನನ್ನ ಕಣ್ಣು ಸರಿಯಾದ್ದರಿಂದಲೇ ನನ್ನ ಕಣ್ಣಿನದ್ದು ತಪ್ಪಿರಲಿಲ್ಲವೆಂದು ಕಂಡಿತು. ಆಪರೇಷನ್ ಬೇಕಿರಲಿಲ್ಲವೆಂದು ತಿಳಿಯಲು ಆಪರೇಷನ್ ಮಾಡಿಸಿಕೊಳ್ಳಬೇಕಾದ ರೋಗಿಯನ್ನು ತಾವು ಇದಕ್ಕೆ ಮುಂಚೆ ಕಂಡಿದ್ದೀರಾ?

ನಾನು ಸಂತೋಷದಿಂದ ಸಿಮೆಂಟ್ ಅಂಗಡಿಗೆ ಓಡಿ, ಇದನ್ನೆಲ್ಲ ಹಿರಿಯರ ಸಭೆಯಲ್ಲೇ ಹೇಳಿಬಿಡುತ್ತೇನೆ ಎಂದೆ. ದುಫಿಯೆ ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು. "ಹತ್ತು ಜನರ ಮುಂದೆ ನಮ್ಮ ಮಾವನಿಗೆ ಕಣ್ಣು ಕಾಣಲ್ಲ, ಬೊಂಬೆ ಮಾತಾಡಿಸ್ತಾನೆ ಅಂತ ಹೇಳ್ತೀಯಾ? ಹೇಳು. ಆಮೇಲೆ ಆ ಬೊಂಬೇನೇ ಕಟ್ಕೊ. ಅವನಿಗೆ ಅವಮಾನ ಆದ ಮನೆಯಿಂದ ನಾನು ಮದುವೆಯಾಗಿ ಹೊರಗೆ ಕಾಲಿಡಲ್ಲ."

ಆದ್ದರಿಂದ ಮರುದಿನದಿಂದ ಹೊಲಿಗೆಯವಳನ್ನು ಬೇಡಿ ಬೊಂಬೆಯನ್ನು ಒಳಗಿರಿಸಿ, ಅದರ ಜಾಗದಲ್ಲಿ ನಾನು ನಿಂತೆ. ತಮ್ಮಂಥ ಮಹಾನುಭಾವರ ಕೈಯಿಂದ ದೃಷ್ಟಿ ಪಡೆದವನೊಬ್ಬ ಪ್ರತಿದಿನ ಬೆಳಿಗ್ಗೆ ಬೊಂಬೆಯ ಕೆಲಸ ಮಾಡುತ್ತಿದ್ದ ಎಂಬುದನ್ನು ತಮ್ಮ ಸಾಧನೆಗಳ ಪಟ್ಟಿಗೆ ದಯವಿಟ್ಟು ಸೇರಿಸಿಕೊಳ್ಳಿ. ಮಾವನವರು ಕೇಳಿದರು, ನಾನು ಉತ್ತರಿಸಿದೆ. ಮೊದಲ ದಿನ ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲಾಮೇಲೆ ಮಾತು ಬೆಳೆಯಿತು. ಅವರ ಮೊಣಕಾಲು ನೋವು, ಕೋಕೋ ತೋಟದ ಜಗಳ ಎಲ್ಲವನ್ನೂ ಬಲ್ಲ ಈ ಬಡಾವಣೆಯ ಏಕೈಕ ಬೊಂಬೆ ನಾನಾದೆ.

ಹಬ್ಬಕ್ಕೆ ಮುಂಚೆ ನಮ್ಮವರು ಮತ್ತೆ ಬಾಗಿಲು ತಟ್ಟಿದರು. ಅಜೆಕುಮ್ ಮಾವ ತಾವೇ ಬಾಟಲಿಯ ಬಿರಟೆ ತೆಗೆದು, ನೆಲಕ್ಕೆ ಗತಿಸಿದ ಹಿರಿಯರ ಪಾಲು ಸುರಿದು, ತೀರ್ಪು ಕೊಟ್ಟರು: "ಹುಡುಗ ಸುಧಾರಿಸಿದಾನೆ. ಮಾತಾಡ್ತಾನೆ, ಕೇಳಿಸ್ಕೊಳ್ತಾನೆ. ಹೆಣ್ಣು ಕೊಡೋಣ. ಆದ್ರೆ ಒಂದು ಮಾತು, ಕೊಬ್ಬಿದ್ದಾಗ ಇವನು ಬಟ್ಟೆ ಇನ್ನೂ ಚೆನ್ನಾಗಿ ಹಾಕ್ತಿದ್ದ."

ಈಗ ನನ್ನ ಕೋರಿಕೆಯೊಂದಿದೆ. ನಮ್ಮ ಮದುವೆಯಾದ ವಾರವೇ ದುಫಿಯೆ ತನ್ನ ಸೋದರಮಾವನನ್ನು ಡಾಕ್ಟರ್ ಅಪ್ರಾಕು ಅವರಲ್ಲಿಗೆ ಕರೆದೊಯ್ಯುತ್ತಾಳೆ. ಅವರ ಕಣ್ಣಿನದು ಪೊರೆಯಿರಬಹುದು, ಅದಕ್ಕೆ ಬೇರೆ ಆಪರೇಷನ್ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೆ ಅವರು ತಾವಾಗಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದರೆ, ತಾವೂ ತಮ್ಮ ಅಕ್ಕಪಕ್ಕದ ಯಂತ್ರಗಳೂ ಒಂದು ದಿನದ ಮಟ್ಟಿಗಾದರೂ ಕರೆಂಟ್ ಇಲ್ಲವೆಂದು ಹೇಳಿ ಕಳಿಸಬೇಕು. ನಮ್ಮೂರಿನಲ್ಲಿ ಇದನ್ನು ಯಾರೂ ಸುಳ್ಳೆನ್ನುವುದಿಲ್ಲ.

ತಾವು ತೆರೆಸಿದ ಕಣ್ಣುಗಳಿಂದ, ತಮ್ಮ ಕಡೆಗೇ ನೋಡುತ್ತಿರುವ,

ತಮ್ಮ ವಿಶ್ವಾಸಿ,
ಕ್ವಾಬೆನಾ ಬಾದು

ತಾ.ಕ.: ಮದುವೆಯ ದಿನ ನಾನು "ಆ ಹಳೇ ನೀಲಿ ನಿಲುವಂಗಿ"ಯಲ್ಲೇ ಬರಬೇಕೆಂದು ಮಾವನವರ ಆಜ್ಞೆಯಾಗಿದೆ. ಅದನ್ನು ಹೊಟ್ಟೆಯೇ ಇಲ್ಲದವನ ಅಳತೆಗೆ ಹೊಲಿಯಲಾಗಿದೆ. ನನ್ನ ಕಣ್ಣಿನಿಂದ ಕೂದಲೆಳೆಗಿಂತ ತೆಳ್ಳಗಿನ ಪದರವನ್ನು ನೋವಾಗದಂತೆ ತೆಗೆದ ತಾವು, ನನ್ನ ಸೊಂಟದಿಂದ ನಾಲ್ಕು ಬೆರಳಗಲ ತೆಗೆದುಕೊಡಲು ಎಷ್ಟು ಹೊತ್ತು ಬೇಕು ಎಂಬುದನ್ನು ಮರುಟಪಾಲಿನಲ್ಲಿ ತಿಳಿಸಬೇಕು. ಮರಗಟ್ಟಿಸುವ ಹನಿ ನಾನೇ ತರುತ್ತೇನೆ.