ಝಾಹಿಯಾಳ ಗಂಟು ಕಟ್ಟಿದ ಕೇಬಲ್

ರಾಜಧಾನಿಯಲ್ಲಿರುವ ದ್ವೀಪ ಕೇಬಲ್ ಆಯ್ಕೆ ಸಮಿತಿಯ ಘನ ಅಧ್ಯಕ್ಷರ ಸಮ್ಮುಖಕ್ಕೆ,

ಮಾನ್ಯರೇ,

ರುಕ್ಫುಶಿ ದ್ವೀಪದ ನಾನೂರ ಹನ್ನೆರಡು ಜನರ, ಎರಡು ಜನರೇಟರುಗಳ (ಅವುಗಳಲ್ಲಿ ಒಂದು ಇನ್ನೊಂದಕ್ಕೆ ಬಿಡಿಭಾಗ ಒದಗಿಸುತ್ತ ನಿವೃತ್ತ ಜೀವನ ನಡೆಸುತ್ತಿದೆ) ಮತ್ತು ಆರೋಗ್ಯ ಕೇಂದ್ರದ ಒಂದು ಬಿಳಿ ಫ್ರಿಜ್ಜಿನ ಪರವಾಗಿ ತಮಗೂ ಸಮಿತಿಯ ಉಳಿದ ಎಂಟು ಸದಸ್ಯರಿಗೂ ಸವಿನಯ ಸಲಾಮುಗಳು. ಈ ಪತ್ರ ತಲುಪುವ ಹೊತ್ತಿಗೆ ತಮ್ಮ ಕೋಣೆಯ ಎ.ಸಿ. ಚೆನ್ನಾಗಿ ನಡೆಯುತ್ತಿರಲಿ, ಕಿಟಕಿಯ ಪರದೆ ಎಳೆದಿರಲಿ, ಸಮುದ್ರವೆಂಬ ಗದ್ದಲದ ವಸ್ತು ತಮ್ಮ ಕಣ್ಣಿಗೆ ಬೀಳದಿರಲಿ ಎಂದು ಹಾರೈಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ವಿದ್ಯುತ್ ಮನೆಯಲ್ಲಿ ಮೀಟರಿನ ಮುಳ್ಳು ಅಲ್ಲಾಡುವುದನ್ನೇ ನೋಡುತ್ತ ಕೂತ ನನ್ನಂಥವನು ತಮಗೆ ಹೀಗೆ ಬಹಿರಂಗವಾಗಿ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ಅಂಟಿಸಿದ ಲಕೋಟೆಯಲ್ಲಿ ಕಳಿಸಿದ ನಾಲ್ಕು ಪತ್ರಗಳಿಗೂ 'ತಮ್ಮ ಪತ್ರ ತಲುಪಿದೆ' ಎಂಬ ಒಂದೇ ಸುಂದರ ವಾಕ್ಯ ಉತ್ತರವಾಗಿ ಬಂದದ್ದರಿಂದ, ತೆರೆದ ಪತ್ರಕ್ಕೆ ಸ್ವಲ್ಪ ಗಾಳಿಯಾದರೂ ತಾಗೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊದಲಿಗೆ ಕೃತಜ್ಞತೆ. ಮೂರು ವರ್ಷದ ಕೆಳಗೆ ತಾವು ನಮಗಾಗಿ ಆರಿಸಿ ಕಳಿಸಿದ, ನೆಲದಡಿ ಹೂಳುವ ವಿದ್ಯುತ್ ಕೇಬಲ್ ನೋಡಲು ಬಹಳ ಲಕ್ಷಣವಾಗಿತ್ತು. ಅದರ ಜೊತೆ ಬಂದ ಕಾಗದದಲ್ಲಿ ಇಪ್ಪತ್ತೈದು ವರ್ಷದ ಭರವಸೆ ಇತ್ತು, ಆ ಭರವಸೆಯ ಕೆಳಗೆ ಇರುವೆಯ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ 'ಸಾಮಾನ್ಯ ಪರಿಸ್ಥಿತಿಗಳಲ್ಲಿ' ಎಂದೂ ಇತ್ತು. ನಮ್ಮ ನೆಲವನ್ನು ಮೊಣಕೈಯುದ್ದ ಅಗೆದರೆ ನೀರು, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಅದೇ ನೀರು ಉಪ್ಪಾಗಿ ಮೇಲಕ್ಕೆ ಬಂದು ರಸ್ತೆಯ ಯೋಗಕ್ಷೇಮ ವಿಚಾರಿಸಿ ಹೋಗುತ್ತದೆ, ಹೊರಗೆ ಬಿಟ್ಟ ಕಬ್ಬಿಣದ ಮೊಳೆ ಒಂದು ರಂಜಾನಿನಿಂದ ಇನ್ನೊಂದು ರಂಜಾನಿನ ತನಕ ಮೊಳೆಯಾಗಿ ಉಳಿಯುವುದಿಲ್ಲ. ಇದನ್ನು ನಾವು ಇಷ್ಟು ದಿನ ಸಾಮಾನ್ಯವೆಂದೇ ತಿಳಿದು ಬಾಳಿದ್ದೆವು. ನಮ್ಮ ಅಜ್ಞಾನವನ್ನು ಕೇಬಲ್ಲು ಹದಿನಾಲ್ಕೇ ತಿಂಗಳಲ್ಲಿ ತಿದ್ದಿತು. ಆದ್ದರಿಂದ ನನ್ನ ಮೊದಲ ಕೋರಿಕೆ: ಮುಂದಿನ ದೋಣಿಯಲ್ಲಿ ದಯವಿಟ್ಟು ಸಾಮಾನ್ಯ ಪರಿಸ್ಥಿತಿಗಳನ್ನೂ ಒಂದೆರಡು ಪೆಟ್ಟಿಗೆ ಕಳಿಸಿಕೊಡಿ. ಒದ್ದೆಯಾಗದಂತೆ ಕಟ್ಟಿಸಿ, ಏಕೆಂದರೆ ದಾರಿಯಲ್ಲಿ ಅಲೆ ಇರುತ್ತದೆ.

ಕೇಬಲ್ಲು ಕೈಬಿಟ್ಟದ್ದು ಆರೋಗ್ಯ ಕೇಂದ್ರದ ಎದುರಿನ ಜಾಯಿಂಟಿನಲ್ಲಿ. ಅಗೆದು ನೋಡಿದರೆ ತಾಮ್ರದ ಎಳೆಗಳು ಪಾಚಿಯಂತೆ ಹಸಿರಾಗಿ, ಹಿಡಿದರೆ ಪುಡಿಯಾಗುತ್ತಿದ್ದವು. ಎರಡು ದಿನ ಫ್ರಿಜ್ಜು ಬೆಚ್ಚಗೆ ನಿಂತಿತು. ಅದರೊಳಗೆ ಒಂಬತ್ತು ಜನರ ಎರಡು ತಿಂಗಳ ಇನ್ಸುಲಿನ್ ಇತ್ತು. ಆ ಒಂಬತ್ತರಲ್ಲಿ ಒಬ್ಬಳು ನನ್ನ ಅಕ್ಕ ಝಾಹಿಯಾ. ಕೆಟ್ಟುಹೋದದ್ದರ ಬದಲಿಗೆ ಹೊಸದು ಬಂತು, ಹರಕು ಕೇಬಲ್ಲಿಗೆ ತೇಪೆ ಹಾಕಿದೆವು. ಅಂದಿನಿಂದ ಫ್ರಿಜ್ಜಿನದು ವಾರದಲ್ಲಿ ನಾಲ್ಕು ದಿನದ ನೌಕರಿ. ಅಕ್ಕ ಮಾತ್ರ ಅದನ್ನು ನಂಬುವುದು ಬಿಟ್ಟು, ತೆರೆದ ಬಾಟಲಿಯನ್ನು ಗಾಜಿನ ಭರಣಿಯಲ್ಲಿಟ್ಟು ತಾನೇ ಹೊಸೆದ ನಾರಿನ ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡುತ್ತಾಳೆ. ಮೊದಲ ದಿನ ಭರಣಿ ಇಳಿಸಲು ನಾನು ಕೈಹಾಕಿದಾಗ ಅವಳು ಕೇಳಿದ್ದು ಒಂದೇ ಮಾತು. "ಗಂಟು ಯಾರು ಹಾಕಿದ್ದು? ನೀನಲ್ಲ ತಾನೆ?"

ಬಾವಿಯ ತಂಪಿನಲ್ಲಿ ತೆರೆದ ಬಾಟಲಿ ಕೆಲವು ವಾರ ಬದುಕುತ್ತದೆ. ಎರಡು ತಿಂಗಳಿಗೊಮ್ಮೆ ಬರುವ ದಾಸ್ತಾನಿಗೆ ಫ್ರಿಜ್ಜೇ ಬೇಕು, ಫ್ರಿಜ್ಜಿಗೆ ಕೇಬಲ್ಲೇ ಬೇಕು. ಇದು ತಮಗೂ ಹೊಳೆದಿರಬೇಕು. ಹಾಗಾಗಿಯೇ 'ದ್ವೀಪವಾಸಿಗಳ ಅಭಿಪ್ರಾಯ ಪಡೆದು ಬಾಳಿಕೆ ಬರುವ ಕೇಬಲ್ ಆಯ್ಕೆ' ಎಂಬ ಉದಾತ್ತ ಆಲೋಚನೆ ಮಾಡಿ ತಾವು ಏಳು ಮಾದರಿ ತುಂಡುಗಳನ್ನು ಕಳಿಸಿದಿರಿ. ಒಂದೊಂದು ಮೊಳ ಉದ್ದ, ಒಂದೊಂದಕ್ಕೂ ಪ್ಲಾಸ್ಟಿಕ್ ಚೀಟಿ, ಚೀಟಿಯ ಮೇಲೆ ನಂಬರು. ಹದಿನೈದು ದಿನದೊಳಗೆ ಮುಟ್ಟಿ ನೋಡಿ, ಬಾಗಿಸಿ ನೋಡಿ, ಫಾರಂ ತುಂಬಿ ಕಳಿಸಬೇಕೆಂದು ಅಪ್ಪಣೆ. ನಾನೂರ ಹನ್ನೆರಡು ಜನರ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ನಾವು ಅದನ್ನು ಅಗತ್ಯಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡೆವು. ತಪ್ಪು ನಡೆದದ್ದು ಅಲ್ಲೇ ಇರಬೇಕು.

ದ್ವೀಪವೆಲ್ಲ 'ದತ್ತ', ಅಂದರೆ ನಮ್ಮ ಮಾತಿನಲ್ಲಿ ಅಕ್ಕ, ಎಂದು ಕರೆಯುವ ಸಕೀನ ದತ್ತ ನಮ್ಮಲ್ಲಿ ಹಗ್ಗ ಹೊಸೆಯುವ ಹೆಂಗಸರಿಗೆ ಹಿರಿಯರು. ಅವರು ಏಳು ತುಂಡುಗಳನ್ನೂ ಮಡಿಲಿಗೆ ಹಾಕಿಕೊಂಡು ಮೂಸಿ ನೋಡಿ, ಇವಕ್ಕೆ ಎಂಟು ತಿಂಗಳು ಸಾಕು ಎಂದು ತೀರ್ಮಾನಿಸಿದರು. ನಾರಿಗೆಂದು ತೆಂಗಿನ ಸಿಪ್ಪೆ ನೆನೆಹಾಕುವುದು ಹವಳದ ದಂಡೆಯೊಳಗಿನ ಮೊಣಕಾಲುದ್ದ ಕೆಸರಿನಲ್ಲಿ. ಗುಂಡಿ ತೋಡಿ, ಸಿಪ್ಪೆ ಹೂತು, ಮೇಲೆ ಕಲ್ಲು ಹೇರಿ ಬಂದರೆ ಮೆತ್ತಗಿನದೆಲ್ಲ ಕೊಳೆತು ಹೋಗಿ ಗಟ್ಟಿ ನಾರು ಉಳಿಯುತ್ತದೆ. ಯಾವ ಗುಂಡಿ ಯಾರದೆಂದು ತಿಳಿಯಲು ಒಬ್ಬೊಬ್ಬಳದು ಒಂದೊಂದು ಬಗೆಯ ಗಂಟು, ನಮ್ಮಲ್ಲಿ ಗಂಟೇ ಹೆಂಗಸರ ರುಜು. ಏಳು ಹೆಂಗಸರು ಒಂದೊಂದು ತುಂಡಿಗೆ ತಮ್ಮ ಗಂಟು ಕಟ್ಟಿ, ಕಡಲಿಳಿತದಲ್ಲಿ ಹೂತು, ಕೈ ತೊಳೆದುಕೊಂಡು ಬಂದರು. ತಾವು ಕಳಿಸಿದ ಮೂರು ಜ್ಞಾಪನಾ ಪತ್ರಗಳಿಗೂ ನಾನು 'ಇನ್ನೂ ಹದಕ್ಕೆ ಬಂದಿಲ್ಲ' ಎಂದು ಬರೆದದ್ದು ಪೂರ್ತಿ ನಿಜ. ಅದನ್ನು ಉಡಾಫೆಯೆಂದು ತಿಳಿದು ತಾವು ತಾಂತ್ರಿಕ ಅಧಿಕಾರಿ ಶಕೀಬ್ ಅವರನ್ನು ಕಳಿಸಿದಿರಿ. ಅವರು ಬಂದದ್ದು ಸರಿಯಾಗಿ ಎಂಟನೇ ತಿಂಗಳಿಗೆ, ಪಾಲಿಷ್ ಹಾಕಿದ ಬೂಟಿನಲ್ಲಿ.

ದಡದ ಜಗಲಿಯಲ್ಲಿ ನಡೆದ ಮಾತುಕತೆಯನ್ನು ಸಮಿತಿಯ ದಾಖಲೆಗಾಗಿ ಇದ್ದದ್ದು ಇದ್ದಹಾಗೆ ಒಪ್ಪಿಸುತ್ತೇನೆ.

"ಸರ್ಕಾರದ ಮಾದರಿಗಳನ್ನ ಕೊಳೆಯೋಕೆ ಹಾಕಿದೀರಾ?" ಎಂದರು ಶಕೀಬ್.

"ಕೊಳೆಯೋದು ಕೊಳೀಲಿ ಅಂತಾನೇ ಹಾಕಿರೋದು ಮಗಾ. ಕೊಳೆಯದೇ ಇರೋದು ತಾನೆ ನಿಂಗೆ ಬೇಕು?" ಎಂದರು ಸಕೀನ ದತ್ತ.

"ಹದಿನೈದು ದಿನ ಅಂತ ಫಾರಂನಲ್ಲಿ ಬರೆದಿತ್ತಲ್ಲ ದತ್ತ."

"ಹದಿನೈದು ದಿನಕ್ಕೆ ತೆಂಗಿನ ಸಿಪ್ಪೆಗೆ ತಾನು ನೀರಲ್ಲಿದೀನಿ ಅಂತಾನೇ ಗೊತ್ತಾಗಲ್ಲ. ಬೂಟು ಬಿಚ್ಚು, ನೀರಿಳಿದಿದೆ, ಹೋಗೋಣ."

ಶಕೀಬ್ ಅವರನ್ನು ದೂರುವಂತಿಲ್ಲ. ಅವರು ಬೂಟು ಬಿಚ್ಚಿದರು, ಪ್ಯಾಂಟು ಮಡಚಿದರು, ಕೆಸರಿನಲ್ಲಿ ಒಮ್ಮೆ ಕೂತೂ ಬಿಟ್ಟರು. ಒಂದೊಂದೇ ಗುಂಡಿ ತೆಗೆದೆವು. ಅಲ್ಯೂಮಿನಿಯಂ ಎಳೆಯದ್ದು ಬಿಳಿ ಹಿಟ್ಟಾಗಿತ್ತು, ಇನ್ನಿಷ್ಟು ಬಿಟ್ಟಿದ್ದರೆ ರೊಟ್ಟಿಗೆ ಕಲಸಬಹುದಿತ್ತು. ಉಕ್ಕಿನ ಪಟ್ಟಿ ಸುತ್ತಿದ್ದು ತುಕ್ಕಿನಿಂದ ಊದಿ ಅಂಗಿಯ ಗುಂಡಿ ಕಿತ್ತುಕೊಂಡ ಹೊಟ್ಟೆಯಂತೆ ಬಿರಿದಿತ್ತು. ಮೂರನೆಯದು ನಮ್ಮ ರಸ್ತೆಯಡಿ ಮಲಗಿರುವ ಕೇಬಲ್ಲಿನ ಒಡಹುಟ್ಟು. ಹಿಂದಿನ ವರ್ಷ ತೇಪೆ ಹಾಕುವಾಗ ಅದರ ಹರಕು ತುಂಡುಗಳನ್ನು ಕೈಯಾರೆ ಎತ್ತಿದವನಾದ್ದರಿಂದ ಗುರುತು ಹತ್ತಿತು, ಅದೇ ಹಸಿರು. ಅದರ ನಂತರದ ಮೂರರಲ್ಲಿ ಉಪ್ಪುನೀರು ತುದಿಯಿಂದ ಹೊಕ್ಕು ಎಳೆಗಳ ಸಂದಿಯಲ್ಲೇ ಇನ್ನೊಂದು ತುದಿಯವರೆಗೆ ಪ್ರಯಾಣ ಮಾಡಿತ್ತು. ಇಲ್ಲಿ ಶಕೀಬ್ ನ್ಯಾಯವಾದ ತಕರಾರು ಎತ್ತಿದರು.

"ತುದಿ ಮುಚ್ಚಿ ಹೂಳಬೇಕಿತ್ತು. ಹೀಗೆ ತೆರೆದಿಟ್ರೆ ಪರೀಕ್ಷೆನೇ ತಪ್ಪು."

ಸಕೀನ ದತ್ತ ಕೆಸರಿನ ಬೆರಳನ್ನು ನನ್ನ ಕಡೆ ಚಾಚಿದರು. "ನಮ್ಮೂರಲ್ಲಿ ಜಾಯಿಂಟ್ ಹಾಕೋನು ಇವನು. ಇವನು ಯಾವತ್ತು ತುದಿ ಸರಿಯಾಗಿ ಮುಚ್ಚಿದಾನೆ, ಕೇಳು."

ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಮಾನ್ಯರೇ, ಆರೋಗ್ಯ ಕೇಂದ್ರದ ಎದುರಿನ ಆ ಜಾಯಿಂಟು ನನ್ನದೇ. ಅದನ್ನು ಹಾಕಿದ ದಿನ ಗುಂಡಿಯಲ್ಲಿ ನೀರು ಏರುತ್ತಿತ್ತು, ಜಾಯಿಂಟಿನ ಬಾಯಿ ಮುಚ್ಚುವ ಅಂಟಿನ ಮೊಹರು ಒಣಗಲು ಬೇಕಾದಷ್ಟು ಹೊತ್ತು ನಾನು ಕಾಯಲಿಲ್ಲ. ಒಳ್ಳೆಯ ಕೇಬಲ್ಲಾಗಿದ್ದರೆ ನನ್ನ ಅವಸರವನ್ನು ಒಂದು ಮೊಳದಲ್ಲೇ ತಡೆದು ನಿಲ್ಲಿಸುತ್ತಿತ್ತು, ಇದು ರಸ್ತೆಯುದ್ದಕ್ಕೂ ಹಂಚಿತು. ಬಾಳಿಕೆ ಎಂದರೆ ಏನೆಂದು ಅಂದಿನಿಂದ ಆಗಾಗ ಯೋಚಿಸುತ್ತೇನೆ. ಇಲ್ಲಿ ಮರಳೇ ಆರು ತಿಂಗಳು ಪಶ್ಚಿಮದ ದಡದಲ್ಲಿ, ಆರು ತಿಂಗಳು ಪೂರ್ವದ ದಡದಲ್ಲಿ ವಾಸ ಮಾಡುತ್ತದೆ. ದ್ವೀಪವೇ ನಿಂತಲ್ಲಿ ನಿಲ್ಲದಿರುವಾಗ ಒಂದು ತಂತಿಯಿಂದ ಅದನ್ನು ಬಯಸುವುದು ದುರಾಸೆಯಿರಬಹುದು. ಬಹುಶಃ ಬಾಳಿಕೆಯೆಂದರೆ ನನ್ನಂಥವನ ಅವಸರವನ್ನು ಸಹಿಸಿಕೊಂಡು ಸುಮ್ಮನಿರುವ ಶಕ್ತಿ, ಅಷ್ಟೆ. ಅಕ್ಕ ಈ ಜಾಯಿಂಟಿನ ವಿಷಯ ನನ್ನಲ್ಲಿ ಎಂದೂ ಎತ್ತಿಲ್ಲ. ಗಂಟು ಹಾಕಿದ್ದು ಯಾರೆಂದು ಮಾತ್ರ ದಿನವೂ ಕೇಳುತ್ತಾಳೆ.

ಏಳನೆಯ ತುಂಡು ಅಕ್ಕನ ಗುಂಡಿಯಲ್ಲಿತ್ತು. ಇದರಲ್ಲಿ ಸ್ವಜನಪಕ್ಷಪಾತವಿಲ್ಲ, ಕಡಲಿಗೆ ನಮ್ಮ ಮನೆಯವರ ಪರಿಚಯವಿಲ್ಲ. ದಪ್ಪ ಕರಿ ಹೊದಿಕೆಯ ಮೇಲೆ ಗೀರು ಕೂಡ ಇರಲಿಲ್ಲ. ಕೊಯ್ದು ನೋಡಿದರೆ ತವರದ ಲೇಪದ ತಾಮ್ರ ಹೊಸ ಚಮಚದಂತೆ ಹೊಳೆಯಿತು, ಎಳೆಗಳ ನಡುವೆ ತುಂಬಿದ್ದ ಮೇಣದಂಥ ಅಂಟು ನೀರನ್ನು ಬೆರಳಗಲವೂ ಒಳಗೆ ಬಿಟ್ಟಿರಲಿಲ್ಲ. ಶಕೀಬ್ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು, "ಇದೇ, ಇದೇ!" ಎಂದು ಕೂಗಿದರು. ಆಮೇಲೆ ಜೇಬಿನಿಂದ ಫಾರಂ ತೆಗೆದು, "ನಂಬರ್ ಹೇಳಿ" ಎಂದರು.

ಹೆಂಗಸರು ಕೈಯ ಕೆಸರು ತೊಳೆಯತೊಡಗಿದರು.

"ಚೀಟಿ ಇತ್ತಲ್ಲ, ಪ್ಲಾಸ್ಟಿಕ್‌ದು?"

"ಕತ್ತರಿಸಿ ಬಿಸಾಕಿದ್ವಿ. ಪ್ಲಾಸ್ಟಿಕ್ ಇಟ್ಕೊಂಡು ಯಾರಾದ್ರೂ ನೆನೆಹಾಕ್ತಾರಾ? ಗುಂಡಿ ಕೆಡುತ್ತೆ," ಎಂದರು ಸಕೀನ ದತ್ತ.

"ಮೈಮೇಲೆ ಅಕ್ಷರ ಇತ್ತಲ್ಲ?"

"ಕಾರ್ಖಾನೆ ಎಣ್ಣೆ ಜಿಡ್ಡು ಇತ್ತು. ಮರಳು ಹಾಕಿ ತಿಕ್ಕಿ ತಿಕ್ಕಿ ತೊಳೆದ್ವಿ," ಎಂದಳು ನನ್ನ ಅಕ್ಕ, ಶುಚಿತ್ವಕ್ಕೆ ಮೆಚ್ಚುಗೆ ನಿರೀಕ್ಷಿಸುತ್ತ. "ನಂಬರ್ ಯಾಕಪ್ಪಾ? ನನ್ನ ಗಂಟಿದೆಯಲ್ಲ. ಝಾಹಿಯಾಳ ಕೇಬಲ್ ಅಂತ ಬರಕೋ."

ಅಂದು ಮಧ್ಯಾಹ್ನ ಮೀನಿನ ಸಾರು ಅನ್ನ ಉಣ್ಣುತ್ತ ಶಕೀಬ್ ಅವರು ತಮ್ಮ ಕಚೇರಿಯ ಬಗ್ಗೆ ಹೇಳಿದ ವಿಷಯ ನನ್ನನ್ನು ಭಕ್ತಿಪರವಶನನ್ನಾಗಿಸಿತು. ನಮಗೆ ಕಳಿಸಿದ ಏಳರದ್ದೂ ಜೋಡಿ ತುಂಡುಗಳು, ಚೀಟಿ ಸಮೇತ, ಅಧ್ಯಕ್ಷರಾದ ತಮ್ಮ ಕೋಣೆಯ ಬೀರುವಿನಲ್ಲೇ ಇವೆಯಂತೆ. ಪಕ್ಕದಲ್ಲಿ ಹಿಡಿದು ನೋಡಿದರೆ ಯಾವುದೆಂದು ಹೇಳಬಹುದಂತೆ. ಆದರೆ ಬೀರು ತೆಗೆಸಲು ಅರ್ಜಿ ಕೊಡಬೇಕು, ಅರ್ಜಿಯಲ್ಲಿ ತುಂಡಿನ ನಂಬರು ಬರೆಯಬೇಕು. ಇಷ್ಟು ಪರಿಪೂರ್ಣವಾದ ವ್ಯವಸ್ಥೆಯನ್ನು ನಾನು ನೋಡಿಲ್ಲ. ನಮ್ಮ ಕೇಬಲ್ಲಿಗೆ ಇದರ ಅರ್ಧದಷ್ಟು ಬಿಗಿ ಇದ್ದಿದ್ದರೆ ಒಂದು ಹನಿ ನೀರೂ ಒಳಗೆ ಹೋಗುತ್ತಿರಲಿಲ್ಲ.

ಶಕೀಬ್ ಹೋಗಿ ಮೂರು ವಾರಕ್ಕೆ ತಮ್ಮ ತೀರ್ಮಾನ ಬಂತು: ನಂಬರಿಲ್ಲದ ಫಾರಂ ಅಸಿಂಧು, ರುಕ್ಫುಶಿಯವರು ಅಭಿಪ್ರಾಯ ತಿಳಿಸಲಿಲ್ಲವೆಂದು ಭಾವಿಸಿ ಹಿಂದಿನ ಕೇಬಲ್ಲನ್ನೇ ಮುಂದಿನ ಸರಕಿನ ದೋಣಿಯಲ್ಲಿ ಕಳಿಸಲಾಗುವುದು. ದೋಣಿ ಬರಲು ಹತ್ತೊಂಬತ್ತು ದಿನ ಉಳಿದಿದೆ. ಆರೋಗ್ಯ ಕೇಂದ್ರದ ಮುಂದೆ ಗುಂಡಿ ತೋಡಿ ಕಾಯಬೇಕೆಂದು ನನಗೆ ಆದೇಶವಾಗಿದೆ, ತೋಡಿದ್ದೇನೆ. ಅದರಲ್ಲಿ ಈಗ ಒಂದು ಗೇಣು ನೀರಿದೆ.

ನನ್ನ ಕೋರಿಕೆಗಳು ವಿನಮ್ರವಾಗಿವೆ. ಹಳೆಯ ಕೇಬಲ್ಲೇ ಬರುವುದಾದರೆ ಸಮುದ್ರವನ್ನು ಎರಡು ಮೊಳ ಕೆಳಗಿಳಿಯುವಂತೆ ಒಂದು ಸುತ್ತೋಲೆ ಹೊರಡಿಸಿ. ಹುಣ್ಣಿಮೆಯನ್ನು ಎರಡು ತಿಂಗಳಿಗೊಮ್ಮೆ ಮಾಡಲು ಸಾಧ್ಯವೇ ಪರಿಶೀಲಿಸಿ. ಉಪ್ಪಿಗೆ ಫಾರಂ ಕಳಿಸಿ, ಹದಿನೈದು ದಿನದಲ್ಲಿ ಅದು ಅಭಿಪ್ರಾಯ ತಿಳಿಸದಿದ್ದರೆ ಉಪ್ಪು ಇಲ್ಲವೆಂದು ಭಾವಿಸಿ. ಇವಾವುವೂ ಆಗದಿದ್ದಲ್ಲಿ, ಕೊನೆಯದಾಗಿ, ಕೇಳಲು ನಾಚಿಕೆಯಾಗುವಷ್ಟು ಸಣ್ಣದೊಂದು ಬೇಡಿಕೆ ಇದೆ. ಈ ಪತ್ರದ ಜೊತೆ ಏಳನೆಯ ತುಂಡನ್ನು ಅಕ್ಕನ ಗಂಟಿನ ಸಮೇತ ಕಳಿಸಿದ್ದೇನೆ. ಅದನ್ನು ಕೈಯಲ್ಲಿ ಹಿಡಿದುಕೊಳ್ಳಿ. ಕುರ್ಚಿಯಿಂದ ಎದ್ದು, ಶಕೀಬ್ ಹೇಳಿದ ಲೆಕ್ಕದಲ್ಲಿ ಆರು ಹೆಜ್ಜೆ ನಡೆಯಿರಿ. ಬೀರು ತೆಗೆಯಿರಿ.

ದೋಣಿ ಹತ್ತಿಸುವ ಮುನ್ನ ಈ ಕೆಲಸವಾದರೆ ಒಂಬತ್ತು ಜನ ತಮ್ಮನ್ನು ನೆನೆಯುತ್ತಾರೆ. ಈ ಸಲ ಮೊಹರು ಒಣಗುವ ತನಕ ನಾನು ಗುಂಡಿಯ ಪಕ್ಕದಲ್ಲೇ ಕೂತಿರುತ್ತೇನೆ. ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಅವಳು ನಂಬಿಲ್ಲ, ತಾನೂ ಬಂದು ಪಕ್ಕದಲ್ಲಿ ಕೂರುತ್ತಾಳಂತೆ.

ಎಲ್ಲ ಮುಚ್ಚಳಗಳೂ ತೆರೆಯಲಿ ಎಂಬ ಹಾರೈಕೆಯೊಂದಿಗೆ,

ತಮ್ಮ ವಿಶ್ವಾಸಿ,
ಇಲ್ಯಾಸ್ ರಮೀಝ್
ವಿದ್ಯುತ್ ಮನೆ, ರುಕ್ಫುಶಿ

ತಾ.ಕ.: ನಮ್ಮ ಏಳು ಗುಂಡಿಗಳೂ ಸದ್ಯಕ್ಕೆ ಖಾಲಿ ಇವೆ. ಸಮಿತಿಯ ಸದಸ್ಯರ ಬಾಳಿಕೆಯನ್ನೂ ಪರೀಕ್ಷಿಸಿಕೊಳ್ಳುವ ಇಚ್ಛೆಯಿದ್ದರೆ ಒಬ್ಬೊಬ್ಬರನ್ನೇ ಕಳಿಸಬಹುದೆಂದು ಸಕೀನ ದತ್ತ ತಿಳಿಸಿದ್ದಾರೆ, ಎಂಟು ತಿಂಗಳು ಸಾಕಂತೆ. ಹೆಸರಿನ ಬಿಲ್ಲೆಯನ್ನು ಮಾತ್ರ ಹೂಳುವ ಮುನ್ನ ಕತ್ತರಿಸಿ ತೆಗೆಯಲಾಗುತ್ತದೆ. ಯಾರು ಯಾರೆಂದು ಮೊದಲೇ ಬರೆದಿಟ್ಟುಕೊಳ್ಳಿ.