ಟವೆಲ್ಲಿನ ಕೆಳಗೆ ಕುದುರಿದ ಬಾಡಿಗೆ

ನಮ್ಮ ಕಾಕಾನಿಗೆ ದೇವರ ಮೇಲೆ ನಂಬಿಕೆ ಇದೆ, ದೇವರ ಪ್ರಸಾದದ ಮೇಲೆ ಇಲ್ಲ! ಪೂಜಾರಿ ಕೈಗೆ ಹಾಕಿದ ಸಕ್ಕರೆಯನ್ನು ಮೊದಲು ಮೂಸುತ್ತಾನೆ. ಆಮೇಲೆ ಬೆಳಕಿಗೆ ಹಿಡಿದು ನೋಡುತ್ತಾನೆ. ಪಕ್ಕದವರು ತಿಂದು ಸ್ವಲ್ಪ ಹೊತ್ತು ನೆಟ್ಟಗೆ ನಿಂತಿದ್ದಾರೆ ಎಂದು ಖಾತ್ರಿಯಾದ ಮೇಲಷ್ಟೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಯಾರಾದರೂ ಕೇಳಿದರೆ, "ದ್ಯಾವ್ರ ಮ್ಯಾಲ ನನಗೇನೂ ಸಂಶೆ ಇಲ್ಲಪಾ. ಆದ್ರ ದ್ಯಾವ್ರಿಗೂ ನನಗೂ ನಡುವ ಕಿರಾಣಿ ಅಂಗಡಿಯವ ಒಬ್ಬ ಅದಾನಲ್ಲ!" ಎನ್ನುತ್ತಾನೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಗರಖೇಡದಲ್ಲಿ ನಮ್ಮದು ಎದುರುಬದುರು ಮನೆ. ದನದ ಸಂತೆಗಳಲ್ಲಿ ಎತ್ತಿನ ದಲಾಲಿ ಮಾಡಿಯೇ ಅವನ ತಲೆ ಬೆಳ್ಳಗಾಗಿದೆ. ಮಾರುವವನು ಮುದಿ ಎತ್ತನ್ನು ಈಗಷ್ಟೇ ಹಲ್ಲು ಹಚ್ಚಿದ್ದು ಎನ್ನುತ್ತಾನೆ, ಕೊಳ್ಳುವವನು ಬಂಗಾರದಂಥ ಎತ್ತಿಗೆ ಕುಂಟು ಎನ್ನುತ್ತಾನೆ, ನಡುವೆ ನಿಂತ ದಲಾಲಿ ಇಬ್ಬರಿಗೂ ಹೌದು ಹೌದು ಎನ್ನುತ್ತಾನೆ. ಅಂಥ ಜಾಗದಲ್ಲಿ ಆಯುಷ್ಯ ಸವೆಸಿದವನು ಜಗತ್ತನ್ನು ನಂಬಬೇಕಾದರೂ ಹೇಗೆ? ಅಂಗಡಿಯಲ್ಲಿ ಫೋನಿನಿಂದ ದುಡ್ಡು ಕಳಿಸಿದರೆ ಡಬ್ಬಿಯೊಂದು ಹಣ ಬಂತೆಂದು ಕೂಗುತ್ತದಲ್ಲ, ಅದನ್ನೂ ಅವನು ನಂಬುವುದಿಲ್ಲ. "ಡಬ್ಬಿ ಹೇಳಿದ್ರ ಬಂದಂಗಾತೇನು? ಡಬ್ಬಿಗೆ ಯಾರು ಹೇಳಿದ್ರು?" ಎಂದು ಅಂಗಡಿಯವನನ್ನೇ ದಬಾಯಿಸುತ್ತಾನೆ.

ಮುದ್ದೇಬಿಹಾಳದಿಂದ ಗಂಡಿನವರು ನಮ್ಮ ಅಕ್ಕನನ್ನು ನೋಡಲು ಬಂದಾಗಲೂ ಹೀಗೇ ಆಯಿತು. ಹುಡುಗ ಉಪ್ಪಿಟ್ಟು ತಿಂದು, ಚಹಾ ಕುಡಿದು, ಅಕ್ಕನನ್ನು ಓರೆಗಣ್ಣಿನಲ್ಲಿ ನೋಡಿ, ಎಲ್ಲ ಸಾಂಗವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಕಾಕಾ, "ತಮ್ಮಾ, ಅಂಗಳದಾಗ ಸ್ವಲ್ಪ ಆ ಕಡಿಯಿಂದ ಈ ಕಡಿ ನಡದ ತೋರಸು" ಎಂದುಬಿಟ್ಟ. ಪಾಪ, ಅವನು ನಡೆದ! "ಎಡಗಾಲು ಎಳೀತೈತಿ" ಎಂದು ಕಾಕಾ ತೀರ್ಪು ಕೊಟ್ಟ. ಹೊಸ ಬೂಟು ಕಚ್ಚಿದೆ ಎಂದು ಹುಡುಗನ ತಾಯಿ ಬೂಟು ಬಿಚ್ಚಿಸಿ ಬೊಬ್ಬೆ ತೋರಿಸಬೇಕಾಯಿತು. "ಬೊಬ್ಬಿ ಖರೇನ ಐತಿ" ಎಂದು ಕಾಕಾ ಒಪ್ಪಿದ ಮೇಲೆಯೇ ಮದುವೆ ಗೊತ್ತಾಗಿದ್ದು. ಆ ಭಾವ ಇವತ್ತಿಗೂ ನಮ್ಮ ಮನೆಗೆ ಬಂದರೆ ಕಾಕಾನ ಕಣ್ಣೆದುರು ಓಡಾಡುವುದಿಲ್ಲ, ಬಂದವನೇ ಕುಳಿತುಬಿಡುತ್ತಾನೆ.

ಇಂಥ ಕಾಕಾ ನನಗೆ ಬಾಡಿಗೆ ಮನೆ ನೋಡಲು ಹೊರಟ ಕತೆ ಕೇಳಿ.

ನನಗೆ ಸಿಂದಗಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಅತಿಥಿ ಎಂಬ ಹೆಸರೇನೋ ಚೆನ್ನಾಗಿದೆ, ಸಂಬಳವೂ ಅತಿಥಿಯ ಹಾಗೆ ಬಂದಾಗ ಬರುತ್ತದೆ! ಊರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು. ಅಪ್ಪ ಒಂದೇ ಮಾತು ಹೇಳಿದ: "ಬಾಡಿಗಿ ಮೂರೂವರಿ ಸಾವಿರ ದಾಟಿತಂದ್ರ ನೌಕರಿ ಬ್ಯಾಡವಾ. ದುಡದದ್ದೆಲ್ಲಾ ಮನಿ ಮಾಲಕಗ ಕೊಡೂದಾದ್ರ ಯಾಕ ದುಡೀಬೇಕು? ಸುಮ್ಮ ಮನ್ಯಾಗ ಇರು." ಮನೆಯಲ್ಲಿ ಕುಳಿತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮುಂದಿನ ತಿಂಗಳೇ ನಮ್ಮ ಅಂಗಳದಲ್ಲಿ ಇನ್ನೊಬ್ಬ ಹುಡುಗ ಆ ಕಡೆಯಿಂದ ಈ ಕಡೆ ನಡೆಯುತ್ತಿರುತ್ತಾನೆ! ನನಗೆ ಆ ಕೆಲಸ ಬೇಕಿತ್ತು. ಕೆಲಸಕ್ಕೆ ಸೇರಿದ ದಿನ ಮೊದಲ ಸಲ ಕರಿಹಲಗೆಯ ಮುಂದೆ ನಿಂತಾಗ ಆದ ಸಂತೋಷವನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮನೆ ಸಿಕ್ಕರೆ ಅಂದೇ ಉಳಿಯಲೆಂದು ಬಟ್ಟೆಯ ಚೀಲವನ್ನೂ ಹಿಡಿದು ಹೊರಟೆ. ಬಸ್ಸಿನಲ್ಲಿ ಕಾಕಾ ನನಗೆ ಉಪದೇಶ ಮಾಡಿದ. ಮೊದಲನೆಯದು, ಮನೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬಾರದು. ಇನ್ನೊಂದು, ಯಾರ ಮನೆಯಲ್ಲೂ ಏನೂ ತಿನ್ನಬಾರದು. "ಉಪ್ಪು ತಿಂದ ಬಾಯಿಲೆ ದರ ಇಳಸಾಕ ಬರಂಗಿಲ್ಲ" ಎಂದ. ಸಾಲದ್ದಕ್ಕೆ ಬೆಳಗ್ಗೆ ಮನೆಯಲ್ಲೂ ತಿನ್ನಲು ಬಿಟ್ಟಿರಲಿಲ್ಲ. ಹೊಟ್ಟೆ ತುಂಬಿದವನು ಬೇಗ ಒಪ್ಪಿಬಿಡುತ್ತಾನಂತೆ!

ಮೊದಲ ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರವಿತ್ತು. ಮಾಲೀಕರು ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಅಂಗಿ, ಬೆರಳ ತುಂಬ ಉಂಗುರ. ಮನೆಯ ಗುಣಗಾನ ಮಾಡುತ್ತಲೇ ಇದ್ದರು. ಕಾಕಾ ಗೋಡೆಗೆ ಕಿವಿ ಹಚ್ಚಿ ಬಡಿದು ನೋಡಿದ, ನಲ್ಲಿಯ ಬಾಯಲ್ಲಿ ಬೆರಳು ಹಾಕಿ ನೋಡಿದ, ಕೊನೆಗೆ ಕೇಳಿದ.

"ಮನಿ ಇಷ್ಟ ಚಲೋ ಇದ್ರ ಬಾಡಿಗಿಗೆ ಯಾಕ ಕೊಡ್ತೀರಿ ಸಾಹೇಬ್ರ? ನೀವ ಇರಬೇಕಾಗಿತ್ತಲ್ರಿ?"

"ನಾವು ಮ್ಯಾಲ ಇದ್ದೇವಲ್ರಿ!"

"ಅದ ಮತ್ತ! ಕೆಳಗ ಏನೋ ಐತಿ, ಅದಕ್ಕ ಮ್ಯಾಲ ಏರಿ ಕುಂತೀರಿ."

ಮಾಲೀಕರು ಅವಾಕ್ಕಾಗಿ ನಿಂತಾಗ ಕಾಕಾ ಹೆಗಲ ಮೇಲಿನ ಟವೆಲ್ಲು ತೆಗೆದ. ಸಂತೆ ನೋಡದವರಿಗೆ ಹೇಳುತ್ತೇನೆ. ದನದ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಇಬ್ಬರೂ ಕೈ ಕೂಡಿಸುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ, ಅರ್ಧ ಬೆರಳು ಹಿಡಿದರೆ ಐನೂರು. ಮುಖಗಳು ಬೇರೆಲ್ಲೋ ನೋಡುತ್ತಿರುತ್ತವೆ. ಕಾಕಾ ಅದೇ ರೀತಿ ಆಕಾಶ ನೋಡುತ್ತ ಟವೆಲ್ಲು ಹೊದಿಸಿ ಆ ಅಧಿಕಾರಿಯ ಬೆರಳುಗಳನ್ನು ಗಬಕ್ಕನೆ ಹಿಡಿದ. ಅವರು ಹೌಹಾರಿ ಕೈ ಕಿತ್ತುಕೊಂಡು, ನಮ್ಮ ಕಣ್ಣೆದುರೇ ತಮ್ಮ ಉಂಗುರಗಳನ್ನು ಒಂದೊಂದಾಗಿ ಎಣಿಸಿದರು! ಹೊರಗೆ ಬಂದ ಕಾಕಾ, "ಎಂಥಾ ಸಂಶೆ ಮನಶ್ಯಾ ನೋಡವಾ!" ಎಂದು ಬೇಸರಪಟ್ಟುಕೊಂಡ.

ಎರಡನೆಯ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಮಾಲಕಿ ಐವತ್ತು ದಾಟಿದ ಹೆಂಗಸು. ಮುಂದಿನ ಭಾಗದಲ್ಲಿ ತಾನಿದ್ದು, ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹಿಂದಿನ ಎರಡು ಕೋಣೆ ಬಾಡಿಗೆಗೆ. ಅಂಗಳದಲ್ಲಿ ಬೇವಿನ ಮರ, ಕಾಲೇಜು ನಡೆದು ಹೋಗುವಷ್ಟು ಹತ್ತಿರ. ನೋಡಿದ ಕೂಡಲೇ ನನಗೆ ಮನೆ ಹಿಡಿಸಿಬಿಟ್ಟಿತು. ಉಪದೇಶ ನೆನಪಾಗಿ ಮುಖ ಗಂಟು ಹಾಕಿಕೊಂಡೆ. ಕಾಕಾ ಒಂದೊಂದಾಗಿ ಐಬು ತೆಗೆಯಲು ಶುರುಮಾಡಿದ.

"ಮಳಿ ಬಂದ್ರ ಸೋರತಿರಬೇಕಲ್ರಿ ಅಕ್ಕಾರ?"

"ಹೌದ್ರಿ ಅಣ್ಣಾರ, ಅಡಗಿ ಕ್ವಾಣಿ ಮೂಲ್ಯಾಗ ಸೋರತೈತ್ರಿ."

"ಕಿಡಕಿ ಬಿಗಿ ಕಾಣತೈತಿ."

"ಒಂದು ಹಾಕಾಕ ಬರಂಗಿಲ್ರಿ, ಇನ್ನೊಂದು ತಗಿಯಾಕ ಬರಂಗಿಲ್ರಿ. ಬಚ್ಚಲ ನೀರೂ ಸರಳ ಹೋಗಂಗಿಲ್ರಿ, ನೀವ ನೋಡ್ರಿ."

ಕಾಕಾ ಬೆವರಿದ. ಮಾರುವವರೇ ಎತ್ತಿನ ಕುಂಟು ತೋರಿಸಿದರೆ ದಲಾಲಿ ಏನು ಮಾಡಬೇಕು? "ಹುಷಾರವಾ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ, "ಸಣ್ಣ ಸಣ್ಣ ಐಬು ತಾನ ಹೇಳಾಕತ್ತಾಳ. ಯಾವುದೋ ದೊಡ್ಡದು ಮುಚ್ಚಿಟ್ಟಾಳ." ಅಷ್ಟರಲ್ಲಿ ಆಕೆ ಬಾಡಿಗೆ ಐದು ಸಾವಿರ ಎಂದಳು. ಸಂಜೆ ಬಸವನ ಬಾಗೇವಾಡಿಯಿಂದ ವರ್ಗವಾಗಿ ಬಂದ ಗಂಡಹೆಂಡತಿ ನೋಡಲು ಬರುತ್ತಾರೆ ಎಂದೂ ಹೇಳಿದಳು. ಅಪ್ಪ ಹಾಕಿದ ಗಡಿ ಮೂರೂವರೆ!

ಟವೆಲ್ಲು ಹೊರಗೆ ಬಂತು. ಆದರೆ ಪರ ಹೆಂಗಸಿನ ಕೈ ಹಿಡಿಯುವುದು ಹೇಗೆ? ಕಾಕಾ ಒಂದು ಕ್ಷಣ ಯೋಚಿಸಿ ನನ್ನ ಕೈಯನ್ನೇ ಟವೆಲ್ಲಿನೊಳಗೆ ತೂರಿಸಿದ. ಮಾಲಕಿ ಬಿದ್ದು ಬಿದ್ದು ನಕ್ಕಳು. "ಇದೇನ್ರಿ ಅಣ್ಣಾರ, ನಾ ಏನು ಎತ್ತೇನ್ರಿ?"

"ನೀವಲ್ರಿ ಅಕ್ಕಾರ, ಮನಿ!"

ಆಕೆಯ ತವರು ಮುಳವಾಡ. ಆಕೆಯ ಅಪ್ಪ ದನದ ಸಂತೆಗೆ ಹೋಗುತ್ತಿದ್ದನಾದ್ದರಿಂದ ಬೆರಳಿನ ಲೆಕ್ಕ ಆಕೆಗೂ ಗೊತ್ತಿತ್ತು. ಸೀರೆಗೆ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ನನ್ನೆದುರು ಕುಳಿತಳು. ಕಾಕಾ ಪದ್ಧತಿಯಂತೆ ಬೇವಿನ ಮರ ನೋಡುತ್ತ ನಿಂತ. ನಾನು ಆಕೆಯ ಮೂರು ಬೆರಳು ಹಿಡಿದು, ನಾಲ್ಕನೆಯದರ ಅರ್ಧ ಹಿಡಿದೆ. ಹಂಚಿನ ಕಾವಿಗೆ ಸವೆದು ನುಣುಪಾದ ಬೆರಳುಗಳು. ಆಕೆ ನನ್ನ ಐದೂ ಬೆರಳು ಹಿಡಿದಳು. ನಾನು ಮತ್ತೆ ಮೂರೂವರೆ. ಆಕೆ ಮತ್ತೆ ಐದು. ನಾನು ಮತ್ತೆ ಮೂರೂವರೆ ಹಿಡಿದು ಬಿಡದೆ ಕುಳಿತೆ. ಆಗ ಆಕೆ ತನ್ನ ಎರಡೂ ಕೈಗಳಲ್ಲಿ ನನ್ನ ಕೈಯನ್ನು ಮುಚ್ಚಿ ಹಿಡಿದುಬಿಟ್ಟಳು. ಅಯ್ಯೋ ಶಿವನೇ, ಹತ್ತು ಸಾವಿರ!

"ಈ ಹುಡಗಿ ಕೈ ಯಾಕ ಹಿಂಗ ತಣ್ಣಗ ಅದಾವು? ನಡಗಾಕತ್ತಾವಲ್ರಿ. ಮುಂಜಾನಿಂದ ಏನೂ ತಿಂದಿಲ್ಲೇನು?"

"ಟವೆಲ್ಲಿನ್ಯಾಗ ಮಾತಾಡಬಾರದ್ರಿ ಅಕ್ಕಾರ!" ಎಂದು ಕಾಕಾ ಹಾರಿಬಿದ್ದ. ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ನಿಧಾನವಾಗಿ ನನ್ನ ಮೂರು ಬೆರಳು ಹಿಡಿದಳು. ಅರ್ಧ ಇಲ್ಲ, ಬರೀ ಮೂರು.

"ಕಾಕಾ, ಮೂರು ಅಂತ!"

ಕಾಕಾನ ಮುಖ ಕಪ್ಪಿಟ್ಟಿತು. ನಾವು ಕೇಳಿದ್ದಕ್ಕಿಂತ ಕಡಿಮೆ! ಅವನ ಇಷ್ಟು ವರ್ಷದ ದಲಾಲಿಯಲ್ಲಿ ಇಂಥದ್ದು ನಡೆದಿರಲಿಲ್ಲ. ನನ್ನನ್ನು ಓಣಿಗೆ ಎಳೆದುಕೊಂಡು ಬಂದ. ಮನೆಯಲ್ಲಿ ದೆವ್ವ ಇರಬೇಕು, ಇಲ್ಲವೇ ಕುಡುಕ ತಮ್ಮ ಇರಬೇಕು, ಅದೂ ಇಲ್ಲದಿದ್ದರೆ ಕೋರ್ಟಿನಲ್ಲಿ ದಾವೆ ಇರಬೇಕು ಎಂದ. ಗಿರಣಿಯವನನ್ನು ಕೇಳಿದ, ದರ್ಜಿಯನ್ನು ಕೇಳಿದ, ಕಾಯಿಪಲ್ಯದವಳನ್ನು ಕೇಳಿದ. ಎಲ್ಲರೂ ಆಕೆ ಒಳ್ಳೆಯವಳು ಎಂದರು. ಕಾಕಾನ ಸಂಶಯ ಇನ್ನೂ ಏರಿತು. "ಓಣಿ ಮಂದಿಯೆಲ್ಲಾ ಒಬ್ಬಾಕಿ ಬಗ್ಗೆ ಚಲೋ ಹೇಳ್ತಾರಂದ್ರ ಏನರ್ಥ? ಎಲ್ಲಾರೂ ಕೂಡಿ ಬಿಟ್ಟಾರ!" ಹೊತ್ತು ಇಳಿಯುತ್ತಿತ್ತು. ಆ ಗಂಡಹೆಂಡತಿ ಯಾವ ಕ್ಷಣದಲ್ಲಾದರೂ ಬರಬಹುದಿತ್ತು. ನನಗೆ ಅಳು ಬಂತು. "ಕಾಕಾ, ಈ ಮನಿ ಹೋತಂದ್ರ ನನ್ನ ನೌಕರಿ ಹೋತು. ನಿನ್ನ ಸಂಶೆದಾಗ ನಾ ಮನಿ ಸೇರಬೇಕಾಗ್ತೈತಿ" ಎಂದು ನಡುಬೀದಿಯಲ್ಲೇ ಅತ್ತುಬಿಟ್ಟೆ.

ಕಾಕಾ ನನ್ನ ಮುಖ ನೋಡಿದ. ಸರಸರ ಆ ಮನೆಗೆ ಮರಳಿ ಮಾಲಕಿಯನ್ನು ನೇರವಾಗಿ ಕೇಳಿದ.

"ಖರೇ ಹೇಳ್ರಿ ಅಕ್ಕಾರ. ಯಾಕ ಇಳಿಸಿದ್ರಿ?"

"ನೀವ ಕೇಳಿದ್ರಿ, ಇಳಿಸಿದ್ನಿ."

"ಕೇಳಿದವರಿಗೆಲ್ಲಾ ಇಳಸ್ತೀರೇನು?"

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಇಲ್ರಿ. ಗಂಡ ತೀರಿಕೊಂಡ ಮ್ಯಾಲ ನಾ ಈ ಊರಿಗೆ ಒಬ್ಬಾಕೀನ ಬಂದ್ನಿ. ಮನಿ ಮನಿ ಬಾಗಲಕ್ಕ ನಿಂತು ಕ್ವಾಣಿ ಕೊಡ್ರಿ ಅಂತ ಕೇಳಿದ್ನಿ. ನನ್ನ ಕೈನೂ ಹಿಂಗ ನಡಗತಿದ್ವು. ಈ ಹುಡಗಿ ಸಂಗಾಟ ನೀವರ ಬಂದೀರಿ ಅಣ್ಣಾರ. ನನ್ನ ಸಂಗಾಟ ಯಾರೂ ಬಂದಿರಲಿಲ್ಲ."

ಕಾಕಾ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡ. "ಮೂರು ಬ್ಯಾಡವಾ ತಂಗಿ. ಮೂರೂವರಿ ತಗೋ" ಎಂದ.

"ಹೇಳಿದ್ದು ಮೂರ್ರಿ."

"ಮೂರೂವರಿ!"

"ಮೂರಕ್ಕಿಂತ ಒಂದು ಪೈಸಾ ಹೆಚ್ಚಿಗಿ ತಗೊಳ್ಳಂಗಿಲ್ರಿ!"

ಇಂಥ ವ್ಯಾಪಾರ ಯಾವ ಸಂತೆಯಲ್ಲಾದರೂ ನಡೆದದ್ದುಂಟೆ? ಇಬ್ಬರೂ ಜಿದ್ದಿಗೆ ಬಿದ್ದು ಕೂಗಾಡಿದ್ದು ಕೇಳಿ ಗಿರಣಿಯವನು ಜಗಳವೆಂದು ಓಡಿ ಬಂದ. ಕೊನೆಗೆ ಕಾಕಾ ಗೆದ್ದು ಐನೂರು ಏರಿಸಿದ! ಆಮೇಲೆ ಆಕೆ ಕೊಟ್ಟ ಬಿಸಿ ರೊಟ್ಟಿ, ಎಣಗಾಯಿ ಪಲ್ಯ ಇಬ್ಬರೂ ಹೊಟ್ಟೆ ತುಂಬ ತಿಂದೆವು. ಕಾಕಾ ಮೂಸಿ ನೋಡಲಿಲ್ಲ.

ಕೋಣೆಯ ಅಗಳಿಯನ್ನು ಮಾತ್ರ ಹಾಕಿ ತೆಗೆದು, ತೆಗೆದು ಹಾಕಿ ಪರೀಕ್ಷೆ ಮಾಡಿದ. ಹೊರಡುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟ. "ಎತ್ತು ಒಪ್ಪಿಸಿದ ಮ್ಯಾಲ ಹೊಳ್ಳಿ ನೋಡಬಾರದವಾ. ಎತ್ತು ಕಣ್ಣೀರು ಹಾಕತೈತಿ" ಎಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಹೇಳಿದ ಹಾಗೆಯೇ ಒಮ್ಮೆಯೂ ತಿರುಗಿ ನೋಡದೆ ಅವನು ಓಣಿಯ ತಿರುವು ದಾಟಿದ. ನನ್ನನ್ನು ಒಬ್ಬಳನ್ನೇ ಬಿಟ್ಟು ಹೋದನಲ್ಲ ಎಂದು ಅಲ್ಲೇ ನಿಂತು ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಒಳಗ ಹೋಗಿ ಅಗಳಿ ಹಾಕೊಂಡಿಯೇನವಾ?"

"ಹಾಕೊಂಡೇನಿ ಕಾಕಾ. ನೀ ಬಸ್ ಹತ್ತಿದಿಯೇನು?"

"ಹತ್ತಿ ಕುಂತೇನಿ" ಎಂದ ಕಾಕಾ. ಫೋನಿನಲ್ಲಿ ಬಸ್ಸಿನ ಸದ್ದೇ ಇರಲಿಲ್ಲ. "ಆದ್ರ ನೀ ಅಳಬ್ಯಾಡ. ಬಾಗಲದಾಗ ನಿಂತು ಹಂಗ ಅಳಬಾರದು, ಒಳಗ ಹೋಗು."