ಜೀರಿಗಿಯ ಕಾವಲುಗಾರ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಆದದ್ದಕ್ಕೆಲ್ಲ ನಾನೇ ಹೊಣೆ ಎಂದು ನನ್ನ ಹೆಂಡತಿ ದ್ರಾಕ್ಷಾಯಿಣಿ ಓಣಿಯ ತುಂಬ ಹೇಳಿಕೊಂಡು ಬಂದಿದ್ದಾಳೆ. ನಿಮ್ಮ ಓಣಿಗೆ ಸುದ್ದಿ ಇನ್ನೂ ಮುಟ್ಟಿರಲಿಕ್ಕಿಲ್ಲ. ಮುಟ್ಟುವ ಮೊದಲು ನನ್ನ ಕಡೆಯ ಮಾತನ್ನೂ ಒಂದಿಷ್ಟು ಕೇಳಿ.

ನಾನು ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಶಿಕ್ಷಕ. ಧಾರವಾಡ ತಾಲೂಕಿನ ಹಳ್ಳಿ ಹಳ್ಳಿಗೆ ಜೀಪಿನಲ್ಲಿ ಹೋಗಿ, ಕೆಂಪು ತ್ರಿಕೋನದ ಬ್ಯಾನರ್ ಕಟ್ಟಿ, ಮೈಕು ಹಿಡಿದು, ಮಕ್ಕಳು ಎಷ್ಟಿರಬೇಕು, ನಡುವೆ ಎಷ್ಟು ಅಂತರವಿರಬೇಕು, ಸಾಕೆನಿಸಿದ ಮೇಲೆ ಏನು ಮಾಡಿಸಿಕೊಳ್ಳಬೇಕು ಎಂದು ಕಂಡಕಂಡವರಿಗೆಲ್ಲ ತಿಳಿಹೇಳುವುದು ನನ್ನ ಉದ್ಯೋಗ. ಮುಗದ ಎಂಬ ಹಳ್ಳಿಯಲ್ಲಿ ನಾನು ಮಾತು ಶುರು ಮಾಡಿದೆನೆಂದರೆ ಎಮ್ಮೆಗಳೂ ಮೆಲುಕು ಹಾಕುವುದನ್ನು ನಿಲ್ಲಿಸಿ ಕೇಳುತ್ತವೆ. (ಇದು ನಮ್ಮ ಜೀಪಿನ ಡ್ರೈವರ್ ಶಾಬುದ್ದೀನನ ಮಾತು. ಹೊಗಳಿದ್ದೋ ಹೇಗೋ, ನಾನು ವಿಚಾರಿಸಲು ಹೋಗಿಲ್ಲ.)

ಇಂಥ ನನ್ನ ಮನೆಗೆ, ೧೯೯೯ರ ಸಂಕ್ರಮಣದ ದಿನ, ನನ್ನ ಹೆಂಡತಿಯ ತವರಾದ ಕಮರಿಪೇಟೆಯಿಂದ ಅವಳ ತಮ್ಮ ಮೈಲಾರಿ ಬಂದ. ಬಂದವನು ಎಳ್ಳು ಬೆಲ್ಲ ಕೊಟ್ಟು, ಸ್ವೆಟರಿನ ಕಿಸೆಗೆ ಕೈ ಹಾಕಿ ಒಂದು ನಾಯಿಮರಿ ತೆಗೆದ. ಯಾವುದೋ ವಿಲಾಯತಿ ಜಾತಿಯಂತೆ. ನೋಡಿದರೆ ಬಿಳಿ ಉಣ್ಣೆಯ ಉಂಡೆಗೆ ಎರಡು ಕಣ್ಣು ಬರೆದಂತಿತ್ತು. ನನ್ನ ತಾಯಿ ದುರಗವ್ವ ಚಸ್ಮಾ ಏರಿಸಿ ಬಗ್ಗಿ ನೋಡಿ, “ಯವ್ವಾ, ಇದೇನು ನಾಯೋ ಜೀರಿಗಿ ಕಾಳೋ!” ಎಂದಳು. ಅಂದಿನಿಂದ ಅದಕ್ಕೆ ಜೀರಿಗಿ ಎಂಬುದೇ ಹೆಸರಾಯಿತು.

ಜೀರಿಗಿ ರೊಟ್ಟಿ ಬುಟ್ಟಿಯಲ್ಲಿ ಮಲಗುತ್ತಿದ್ದಳು. (ರೊಟ್ಟಿಗೆ ಬೇರೆ ಬುಟ್ಟಿ ತಂದೆವು, ಹೆದರಬೇಡಿ.) ಶಾಲೆಗೆ ಹೋಗುವ ನಮ್ಮ ಇಬ್ಬರು ಮಕ್ಕಳಿಗಿಂತ ದ್ರಾಕ್ಷಾಯಿಣಿಗೆ ಅವಳ ಮೇಲೇ ಜೀವ ಹೆಚ್ಚಾಯಿತು. ಕಟಕ ರೊಟ್ಟಿ ಅವಳ ಹಲ್ಲಿಗೆ ಗಟ್ಟಿ ಎಂದು ಹಾಲಿನಲ್ಲಿ ನೆನೆಸಿ ತಿನ್ನಿಸುವಳು. ಅದೇ ಗಟ್ಟಿ ರೊಟ್ಟಿ ನನ್ನ ತಾಟಿಗೆ ಹಾಗೆಯೇ ಬರುತ್ತಿತ್ತು.

ಸೂಜಿ ಹಾಕಿಸಲು ಪ್ರಾಣಿಗಳ ದವಾಖಾನೆಯ ಅಬೀದಾ ಡಾಕ್ಟರ ಹತ್ತಿರ ಹೋದಾಗ ಅವರು ಜೀರಿಗಿಯನ್ನು ಅಂಗೈ ಮೇಲಿಟ್ಟುಕೊಂಡು ಹೇಳಿದರು:

“ಇಕಿ ಇನ್ನ ಭಾಳ ಬೆಳಿಯೂದಿಲ್ರಿ. ಇಷ್ಟ ಸಣ್ಣ ಜೀವಕ್ಕ ಬಸಿರು ಅಂದ್ರ ಹುಡುಗಾಟಕಿ ಅಲ್ಲ. ದೊಡ್ಡ ನಾಯಿ ಕೂಡಿತಂದ್ರ ಮರಿನೂ ದೊಡ್ಡವಾಗಿ ಹೊರಗ ಬರಂಗಿಲ್ಲ, ತಾಯಿ ಜೀವಕ್ಕ ಕುತ್ತು ಬರ್ತೈತಿ. ಬೆದಿಗೆ ಬರೋದರಾಗ ಆಪರೇಶನ್ ಮಾಡಿಸಿಬಿಡ್ರಿ. ಅಲ್ಲಿತನಕ ಗಂಡು ನಾಯಿ ಹತ್ರ ಬಿಡಬ್ಯಾಡ್ರಿ.”

ನಾನು ನಕ್ಕೆ. “ಡಾಕ್ಟರ್ರ, ಇದನ್ನ ನಮಗ ಹೇಳ್ತೀರೇನ್ರಿ? ಇಡೀ ತಾಲೂಕಿಗೆ ಇದನ್ನ ಹೇಳಾಂವ ನಾ!”

ಡಾಕ್ಟರು ನಗಲಿಲ್ಲ. “ಹೇಳೂದು ಬ್ಯಾರೆ, ಕರ್ಕೊಂಡು ಬರೂದು ಬ್ಯಾರೆ. ಬ್ಯಾಸಗಿ ಮುಗಿಯೋದರಾಗ ಬರ್ರಿ,” ಎಂದರು.

ಬೇಸಿಗೆ ಬಂತು. “ಏನ್ರೀ, ಜೀರಿಗಿ ಆಪರೇಶನ್ ಯಾವಾಗ?” ಎಂದು ದ್ರಾಕ್ಷಾಯಿಣಿ ಕೇಳಿದಳು. ಇಂಥ ಬಿಸಿಲಿನಲ್ಲಿ ಹೊಲಿಗೆ ಬೇಗ ಮಾಯುವುದಿಲ್ಲ ಎಂದೆ. ಮಳೆ ಬಂತು. ಥಂಡಿಗೆ ನಂಜಾದೀತು ಎಂದೆ. ಆಷಾಢ ಬಂತು. ಆಷಾಢದಲ್ಲಿ ಯಾರಾದರೂ ಶುಭಕಾರ್ಯ ಮಾಡುತ್ತಾರೆಯೇ ಎಂದೆ.

ದ್ರಾಕ್ಷಾಯಿಣಿ ಲಟ್ಟಣಿಗೆ ಕೆಳಗಿಟ್ಟಳು. “ಮುಗದದ ಮಂದಿ ನಿಮಗ ಹೇಳೋ ನೆವ ಎಲ್ಲಾ ನೀವು ನನಗ ಹೇಳಾಕತ್ತೀರಿ. ಬ್ಯಾಸಗಿ ಆತು, ಮಳಿ ಆತು, ಆಷಾಢ ಆತು. ಇನ್ನ ಅತ್ತೀಗೆ ಮನಸಿಲ್ಲ ಅನ್ನೋದೊಂದು ಉಳದೈತಿ.”

“ನನಗೂ ಮನಸಿಲ್ಲಬೇ,” ಎಂದು ಒಳಗಿನಿಂದ ನನ್ನ ತಾಯಿ ಕೂಗಿದಳು. ಅದೂ ಮುಗಿಯಿತು.

ಖರೆ ಕಾರಣ ನಿಮಗೆ ಹೇಳುತ್ತೇನೆ. ಸಂಜೆ ಆಫೀಸಿನಿಂದ ಬಂದು ಕುರ್ಚಿಯಲ್ಲಿ ಕೂತರೆ ಜೀರಿಗಿ ನನ್ನ ಚಪ್ಪಲಿಯ ಮೇಲೆ ಹತ್ತಿ, ಹೊಟ್ಟೆ ಮೇಲೆ ಮಾಡಿ ಮಲಗುತ್ತಾಳೆ. ಒಂದು ಬೆರಳಿನಿಂದ ಸವರಿದರೆ ಹೊಟ್ಟೆಯೇ ಮುಗಿದುಹೋಗುತ್ತದೆ. ಆ ಹೊಟ್ಟೆಗೆ ಕತ್ತರಿ ಹಾಕಿಸುವುದೆಂದರೆ ನನಗೆ ಅಂಜಿಕೆಯಾಗುತ್ತಿತ್ತು. ಸಾವಿರ ಮಂದಿಗೆ ಧೈರ್ಯ ಹೇಳಿದ ಗಂಡಸು ಇದನ್ನು ಹೆಂಡತಿಯ ಮುಂದೆ ಹೇಳುವುದು ಹೇಗೆ?

ಶ್ರಾವಣ ಬಂತು, ಜೀರಿಗಿ ಬೆದೆಗೆ ಬಂದಳು.

ಮೊದಲು ಗುರುತಿಸಿದವಳು ನನ್ನ ತಾಯಿ. ಗುರುತಿಸಿ ಸುಮ್ಮನಿದ್ದರೆ ಆಗುತ್ತಿತ್ತು. ಅವಳು ಜೀರಿಗಿಯನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಆರತಿ ಮಾಡಿ, “ನಮ್ಮ ಜೀರಿಗಿ ದೊಡ್ಡಾಕಿ ಆಗ್ಯಾಳ್ರೀ” ಎಂದು ಓಣಿಯ ಮನೆಮನೆಗೂ ಕೊಬ್ಬರಿ ಸಕ್ಕರೆ ಹಂಚಿ ಬಂದಳು. ಮನುಷ್ಯರಿಗೆ ಸುದ್ದಿ ಹೀಗೆ ಮುಟ್ಟಿತು. ನಾಯಿಗಳಿಗೆ ಗಾಳಿಯೇ ಸಾಕಾಯಿತು. ಮಧ್ಯಾಹ್ನದೊಳಗೆ ನಾವಿರುವ ಸತ್ತೂರಿನ ಸಮಸ್ತ ಶ್ವಾನ ಸಮುದಾಯ ನಮ್ಮ ಗೇಟಿನ ಮುಂದೆ ಮಹಾಸಭೆ ಸೇರಿತ್ತು. ಒಂದು ಕಿವಿ ಹರಿದ ಕರಿ ನಾಯಿ ಅಧ್ಯಕ್ಷಸ್ಥಾನದಲ್ಲಿತ್ತು. ಅದರ ತಲೆಯೇ ನಮ್ಮ ಜೀರಿಗಿಯ ಎರಡರಷ್ಟಿತ್ತು.

ಡಾಕ್ಟರು ಹೇಳಿದ “ದೊಡ್ಡ ನಾಯಿ” ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಅವರ ಹತ್ತಿರ ಓಡಿದರೆ, “ಈಗ ಕತ್ತರಿ ಹಾಕೂದು ಬ್ಯಾಡ್ರಿ, ರಕ್ತ ಭಾಳ ಹೋಗ್ತೈತಿ. ಬೆದಿ ಇಳಿಯೂತನಕ ಮನ್ಯಾಗ ಇಟಗೊಂಡು ಕಾಯ್ರಿ,” ಎಂದು ಕಳಿಸಿದರು. ಕಾಯುವ ಕೆಲಸ ಸಹಜವಾಗಿಯೇ ನನಗೆ ಬಂತು. ಗೇಟಿನ ಸಂದುಗಳನ್ನು ಮುಚ್ಚಲು ಏನೂ ಸಿಗದೆ, ಇಲಾಖೆಯ ಹಳೆಯ ಬ್ಯಾನರ್ ತಂದು ಕಟ್ಟಿದೆ. “ಚಿಕ್ಕ ಸಂಸಾರ, ಸುಖ ಸಂಸಾರ” ಎಂಬ ಅಕ್ಷರಗಳ ಕೆಳಗೆ ನಾಯಿಗಳು ಸಾಲಾಗಿ ಕೂತವು. ದಾರಿಯಲ್ಲಿ ಹೋಗುವವರು ನಿಂತು ಓದಿ, ನಾಯಿಗಳನ್ನು ನೋಡಿ, ನನ್ನನ್ನು ನೋಡಿ ಮುಂದೆ ಹೋಗುತ್ತಿದ್ದರು. ಒಬ್ಬ ಮಾತ್ರ, “ಸಾಹೇಬ್ರ, ಶಿಬಿರ ಛಲೋ ಕೂಡೇತ್ರಿ!” ಎಂದ.

ಅಷ್ಟರಲ್ಲಿ ನೂಲ ಹುಣ್ಣಿಮೆ ಬಂತು. ದ್ರಾಕ್ಷಾಯಿಣಿ ಮಕ್ಕಳನ್ನು ಕರೆದುಕೊಂಡು, ಮೈಲಾರಿಗೆ ರಾಖಿ ಕಟ್ಟಲು ಕಮರಿಪೇಟೆಗೆ ಹೊರಟಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: “ನೋಡ್ರಿ, ಸಂಜಿ ಬಸ್ಸಿಗೆ ಬರ್ತೇನಿ. ಅಲ್ಲೀತನಕ ಒಂದ ನಾಯಿ ಒಳಗ ಬರಬಾರ್ದು. ನಿಮ್ಮ ಮ್ಯಾಲ ಬಿಟ್ಟು ಹೊಂಟೇನಿ.”

“ನೀ ನಿಶ್ಚಿಂತಿ ಹೋಗು. ಸೊಳ್ಳಿನೂ ಬಿಡಂಗಿಲ್ಲ,” ಎಂದೆ.

ಕೋಲು ಹಿಡಿದು ಕಟ್ಟೆಯ ಮೇಲೆ ಕೂತೆ. ಬಲಗಡೆ ಹೊಡೆದರೆ ಎಡಗಡೆ ಬರುತ್ತಿದ್ದವು, ಮುಂದೆ ಓಡಿಸಿದರೆ ಹಿತ್ತಲ ಕಡೆ ಕೆರೆಯುತ್ತಿದ್ದವು. ಊಟದ ಹೊತ್ತಿಗೆ ನನ್ನ ರಟ್ಟೆ ಬಿದ್ದುಹೋಗಿತ್ತು. ಅದೇ ವೇಳೆಗೆ ಬಾಜೂ ಮನೆಯ ಪಂಢರಿನಾಥ ಕಾಕಾ, ರೈಲ್ವೆಯಿಂದ ನಿವೃತ್ತರಾದವರು, ತಮ್ಮ ನಾಯಿ ಭೀಮನನ್ನು ಬಗಲಲ್ಲಿ ಇಟ್ಟುಕೊಂಡು ಬಂದರು. ಹೆಸರು ಭೀಮ, ಗಾತ್ರ ನೀರು ಕುಡಿಯುವ ತಂಬಿಗೆಯಷ್ಟು. ಬೆಳಗಿನಿಂದ ಕಂಪೌಂಡ್ ಗೋಡೆಯ ಆಚೆ ಕುಂಯ್ ಕುಂಯ್ ಎಂದು ಅಳುತ್ತಿದ್ದವನು ಇವನೇ.

“ಮಾಲತೇಶ, ಮುಂಜಾನಿಂದ ಅನ್ನ ಬಿಟ್ಟಾನಪ್ಪಾ ಇಂವ. ಏನರೆ ಉಪಾಯ ಅದ ಏನು?” ಎಂದರು ಕಾಕಾ.

ಉಪಾಯ ಹೇಳಿದವಳು ನನ್ನ ತಾಯಿ. “ಹೆಂಗೂ ನೂಲ ಹುಣ್ಣಿವಿ ಐತಿ. ಜೀರಿಗಿ ಕೈಲೆ ಭೀಮಗ ಒಂದು ರಾಖಿ ಕಟ್ಟಿಸಿಬಿಡ್ರಿ. ಅಣ್ಣ ತಂಗಿ ಆಗ್ತಾವು. ಮುಂದ ಚಿಂತಿ ಇಲ್ಲ.”

ಗೌರವಾನ್ವಿತ ಓದುಗರೇ, ನಾನು ವಿಜ್ಞಾನ ಓದಿದವನು. ನನಗೆ ನಗು ಬಂತು. ಆದರೆ ಮರುಕ್ಷಣ ತಲೆಯಲ್ಲಿ ಒಂದು ದೀಪ ಹತ್ತಿತು. ಗಂಡಾಂತರ ಇರುವುದು ದೊಡ್ಡ ನಾಯಿಯಿಂದ. ಇವನೋ ತಂಬಿಗೆ. ಮೇಲಾಗಿ ಗುಣವಂತ, ಮನೆತನಸ್ಥ, ಕಾಕಾರ ಕೈಯಲ್ಲಿ ಬೆಳೆದವನು. ಅಂಗಳದಲ್ಲಿ ಇವನನ್ನು ಬಿಟ್ಟರೆ ಹೊರಗಿನವರನ್ನು ಬೊಗಳಿ ಓಡಿಸುತ್ತಾನೆ, ನನ್ನ ರಟ್ಟೆಗೂ ವಿಶ್ರಾಂತಿ. ರಾಖಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ನಿಜ. ಆದರೆ ಕಟ್ಟಿದರೆ ನಷ್ಟವೂ ಇರಲಿಲ್ಲವಲ್ಲ.

ಜೀರಿಗಿಯ ಮುಂಗಾಲು ಹಿಡಿದು ಭೀಮನ ಕಾಲಿಗೆ ಚಮಕಿಯ ರಾಖಿ ಕಟ್ಟಿಸಿದೆವು. ತಾಯಿ ಇಬ್ಬರಿಗೂ ಹೋಳಿಗೆ ತಿನ್ನಿಸಿದಳು. ಕಾಕಾರ ಕಣ್ಣು ಒದ್ದೆಯಾದವು, “ನಮ್ಮ ಭೀಮಗ ತಂಗಿ ಇರಲಿಲ್ಲ ನೋಡು,” ಎಂದರು. ಭೀಮ ಗೇಟಿಗೆ ಓಡಿ ಆ ಕರಿ ನಾಯಿಗೆ ಎಂಥ ಬೊಗಳಿಕೆ ಬೊಗಳಿದನೆಂದರೆ, ಅದು ಎರಡು ಹೆಜ್ಜೆ ಹಿಂದೆ ಸರಿಯಿತು. ಶಭಾಷ್ ಎಂದೆ. ಒಳಗೆ ಹೋಗಿ ಹೊಟ್ಟೆ ತುಂಬ ಹೋಳಿಗೆ ಉಂಡೆ. ಹೋಳಿಗೆ ಉಂಡವನು ಕೂತಿರಬಲ್ಲನೇ? ಅಡ್ಡಾದೆ.

ಎಚ್ಚರವಾದದ್ದು ದ್ರಾಕ್ಷಾಯಿಣಿಯ ದನಿಗೆ. ಅವಳು ರೊಟ್ಟಿ ಬುಟ್ಟಿಯ ಮುಂದೆ ನಿಂತಿದ್ದಳು. ಬುಟ್ಟಿಯಲ್ಲಿ ಜೀರಿಗಿ, ಅವಳ ಪಕ್ಕಕ್ಕೆ ಭೀಮ. ರಾಖಿ ಹಾಗೆಯೇ ಮಿಂಚುತ್ತಿತ್ತು.

“ಇದನ್ನ ಯಾರು ಒಳಗ ಬಿಟ್ಟವರು?”

“ಹೊರಗಿನಾಂವ ಅಲ್ಲ, ಅಣ್ಣ,” ಎಂದೆ.

ಆಮೇಲೆ ಆದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮಕ್ಕಳೂ ಓದುತ್ತಾರೆ.

ದಸರೆಯ ಹೊತ್ತಿಗೆ ಜೀರಿಗಿಯ ಹೊಟ್ಟೆ ಒಂದು ಬೆರಳಿಗೆ ಮುಗಿಯದಾಯಿತು. ಅಬೀದಾ ಡಾಕ್ಟರು ಮುಟ್ಟಿ ನೋಡಿದರು. “ಅಪ್ಪ ಸಣ್ಣಾಂವ ಅದಾನ, ಅದೊಂದು ಪುಣ್ಯಾ. ಆದ್ರ ಈಕಿ ಅವನಕಿಂತ ಸಣ್ಣಾಕಿ. ಹಡಿಯೂದು ಆಗಲಿಕ್ಕಿಲ್ಲ, ಕೊಯ್ಯಬೇಕಾಗ್ತೈತಿ. ನೋವು ಶುರು ಆತಂದ್ರ ಮನ್ಯಾಗ ಒಂದು ಗಳಿಗಿನೂ ಇಟಗೋಬ್ಯಾಡ್ರಿ.”

ನನ್ನ ತಾಯಿ ಸೀಮಂತದ ಕುಬಸ ಮಾಡೋಣವೆಂದು ಹಸಿರು ಖಣದ ತುಂಡು ತೆಗೆದಿಟ್ಟಿದ್ದಳು. ದ್ರಾಕ್ಷಾಯಿಣಿ ಅದನ್ನು ಮಡಚಿ ಟ್ರಂಕಿನಲ್ಲಿ ಹಾಕಿ ನನ್ನತ್ತ ತಿರುಗಿದಳು. ದನಿ ಏರಿಸಲಿಲ್ಲ, ಅದೇ ನನಗೆ ಹೆದರಿಕೆ. “ಈಕಿಗೆ ಏನರ ಆತಂದ್ರ ನಾ ಕಮರಿಪ್ಯಾಟಿಗೆ ಹೋಗಾಕಿ. ನೀವು, ಭೀಮ ಕೂಡಿ ಸಂಸಾರ ಮಾಡ್ರಿ.”

ಆ ದಿನಗಳಲ್ಲಿ ಆಫೀಸಿನಲ್ಲಿ ಫೋನು ರಿಂಗಾದರೆ ಎಲ್ಲರಿಗಿಂತ ಮೊದಲು ನಾನೇ ಓಡಿ ಎತ್ತುತ್ತಿದ್ದೆ. ಮುಗದದಲ್ಲಿ ಮೈಕು ಹಿಡಿದು ನಿಂತರೆ, “ತಾಯಿಯ ಆರೋಗ್ಯ” ಎಂಬಲ್ಲಿಗೆ ಬಂದು ಅದನ್ನೇ ಮೂರು ಮೂರು ಸಲ ಹೇಳುತ್ತಿದ್ದೆ. ಜನ ಚಪ್ಪಾಳೆ ತಟ್ಟಿದರು. ನಾನು ಭಾವನೆಯಿಂದ ಮಾತಾಡಿದೆ ಎಂದುಕೊಂಡರು.

ದೀಪಾವಳಿಯ ಹಿಂದಿನ ವಾರ, ಒಂದು ಬೆಳಿಗ್ಗೆ, ಜೀರಿಗಿ ಹಾಲು ಮುಟ್ಟಲಿಲ್ಲ. ಬುಟ್ಟಿಯಲ್ಲಿ ಸುತ್ತು ಸುತ್ತಿ ಅರಿವೆಯನ್ನು ಕೆರೆಯತೊಡಗಿದಳು. ಬುಟ್ಟಿ ಸಮೇತ ರಿಕ್ಷಾ ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಹೆಬ್ಬೆರಳನ್ನು ಬಾಯಲ್ಲಿ ಹಿಡಿದಿದ್ದಳು, ಕಚ್ಚಲಿಲ್ಲ. ಅಬೀದಾ ಡಾಕ್ಟರು ಬುಟ್ಟಿ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ದ್ರಾಕ್ಷಾಯಿಣಿ ಬೆಂಚಿನ ತುದಿಗೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ಬಹಳ ನೋಡಿಲ್ಲ. ಹತ್ತಿರ ಹೋಗಿ ಕೂತೆ. “ತಪ್ಪು ನಂದ,” ಎಂದೆ. “ಕತ್ತರಿಗೆ ಅಂಜಿದ್ದೆ.”

“ನನಗ ಗೊತ್ತಿತ್ತು,” ಎಂದಳು. “ನನಗೂ ಅಂಜಿಕಿ ಇತ್ತು. ಅದಕ್ಕ ನಿಮ್ಮ ನೆವ ನಂಬಿದೆ.” ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ. ಎದುರು ಬೆಂಚಿನ ಮೇಲೆ ಕಾಲು ಮುರಿದ ಆಡನ್ನು ಹಿಡಿದುಕೊಂಡಿದ್ದ ಮುದುಕಪ್ಪ ಮುಖ ಆಚೆ ತಿರುಗಿಸಿದ.

ಅಷ್ಟರಲ್ಲಿ ಪಂಢರಿನಾಥ ಕಾಕಾ ಭೀಮನನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಬಂದರು.

ಬಾಗಿಲು ತೆರೆಯಿತು. ಡಾಕ್ಟರು ಹೊರಗೆ ಬಂದರು. “ಎರಡು ಮರಿ. ತಾಯಿ ಛಲೋ ಅದಾಳ. ಹಂಗ ಮುಂದ ಮರಿ ಆಗದಂಥ ಆಪರೇಶನ್‌ನೂ ಮುಗಿಸೇನಿ, ಇನ್ನ ಅಕಿ ಚಿಂತಿ ಇಲ್ಲ.”

ದ್ರಾಕ್ಷಾಯಿಣಿ ಡಾಕ್ಟರ ಕೈ ಹಿಡಿದುಕೊಂಡಳು. ನಾನು ಆ ಆಡಿನ ಬೆನ್ನು ಸವರಿದೆ.

ಡಾಕ್ಟರು ಭೀಮನ ಕಡೆ ಬೆರಳು ಮಾಡಿದರು. “ಓಣ್ಯಾಗ ಇನ್ನೂ ಸಣ್ಣ ನಾಯಿ ಅದಾವು. ಇಂವನ್ನೂ ಕರ್ಕೊಂಡು ಬರ್ರಿ ಕಾಕಾ. ಗಂಡಿಂದು ಭಾಳ ಸರಳ. ಶನಿವಾರ ಮಾಡಿಬಿಡೋಣು.”

ಕಾಕಾ ಭೀಮನನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. “ಗಂಡಿಗೆ? ಛೇ ಛೇ! ಅವನ ಶಕ್ತಿ ಹೋಗೂದಿಲ್ಲೇನು?”

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಸರಕಾರ ನನಗೆ ಸಂಬಳ ಕೊಡುತ್ತದೆ. ನಾನು ಎದ್ದು ನಿಂತೆ. ಶಕ್ತಿ ಎಳ್ಳಷ್ಟೂ ಕಡಿಮೆಯಾಗದು, ಹೊತ್ತು ಹಿಡಿಯದು, ನೋವು ಸೊಳ್ಳೆ ಕಡಿದಷ್ಟು, ಹೆಣ್ಣಿನ ಹೊಟ್ಟೆ ಕೊಯ್ಯುವುದಕ್ಕಿಂತ ಇದೆಷ್ಟು ಹಗುರು, ಗಂಡಸು ಎಂಬುವವನು ಹೊಣೆ ಹೊರಲು ಮುಂದೆ ಬರಬೇಕು ಎಂದು ನಾನು ಮಾಡಿದ ಭಾಷಣ ನನ್ನ ಸೇವಾವಧಿಯಲ್ಲೇ ಶ್ರೇಷ್ಠವಾದದ್ದು. ಆಡಿನ ಮುದುಕಪ್ಪನೂ ತಲೆದೂಗಿದ. ಕಾಕಾರ ಮುಖ ತಿಳಿಯಾಯಿತು.

“ಆತಪ್ಪಾ ಮಾಲತೇಶ, ಒಪ್ಪಿದೆ,” ಎಂದರು. “ಖರೇ ನೋವು ಆಗೂದಿಲ್ಲಲ್ಲ? ನೀ ಮಾಡಿಸಿಕೊಂಡಾಗ ಎಷ್ಟು ದಿನಕ್ಕ ಸೈಕಲ್ ಹತ್ತಿದಿ, ಅದೊಂದು ಹೇಳು.”

ಡಾಕ್ಟರು ನನ್ನನ್ನು ನೋಡಿದರು. ಮುದುಕಪ್ಪ ನೋಡಿದ. ಆಡೂ ನೋಡಿತು. ನನಗೆ ಆ ವೇಳೆಗೆ ಸರಿಯಾಗಿ ಕೆಮ್ಮು ಬಂತು.

ದ್ರಾಕ್ಷಾಯಿಣಿ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಬೆಳಗಿನಿಂದ ಮೊದಲ ಸಲ ನಕ್ಕಳು.

“ಇವರದು ಇನ್ನೂ ಆಷಾಢನ ಮುಗದಿಲ್ಲ ಕಾಕಾ,” ಎಂದಳು. “ಶನಿವಾರ ನೀವು ಭೀಮನ್ನ ಕರ್ಕೊಂಡು ಹೊಂಡ್ರಿ. ನಾ ಇವರನ್ನ ಕರ್ಕೊಂಡು ಹೊಂಡ್ತೇನಿ. ಇಬ್ಬರದೂ ದವಾಖಾನಿ ಒಂದ ದಾರ್ಯಾಗ ಅದಾವು, ಒಂದ ರಿಕ್ಷಾ ಸಾಕು.”

ಶನಿವಾರ ರಿಕ್ಷಾ ಹತ್ತುವಾಗ ಭೀಮ ಮಾತ್ರ ಒಂದು ಸಲವೂ ಕುಂಯ್ ಎನ್ನಲಿಲ್ಲ.